ಮೇಷ್ಟ್ರು ಸಂಶೋಧನೆ ಮಾಡಬೇಕೆ? ಮೊದಲು ಗುರುವಾರ ಮಧ್ಯಾಹ್ನ ಖಾಲಿ ಮಾಡಿ

ಪ್ರತಿ ವರ್ಷ ಕಾಲೇಜು ಶುರುವಾದ ಹೊಸದರಲ್ಲಿ ಸ್ಟಾಫ್ ರೂಮಿಗೆ ಒಂದು ಸುತ್ತೋಲೆ ಬರುತ್ತದೆ. 'ಎಲ್ಲ ಅಧ್ಯಾಪಕರೂ ಸಂಶೋಧನಾ ಚಟುವಟಿಕೆಗಳಲ್ಲಿ ತೊಡಗಿಸಿಕೊಳ್ಳತಕ್ಕದ್ದು.' ಕೆಳಗೆ ಹೆಸರಿನ ಪಟ್ಟಿ. ಅಟೆಂಡರ್ ಪೆನ್ನು ಕೊಡುತ್ತಾನೆ, ಎಲ್ಲರೂ ಸಹಿ ಹಾಕುತ್ತಾರೆ. ಅಲ್ಲಿಗೆ ಆ ವರ್ಷದ ಸಂಶೋಧನೆ ಮುಗಿಯಿತು.

ನಾನು ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದ ಪ್ರಥಮ ದರ್ಜೆ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕೆಲವು ವರ್ಷ ಐಕ್ಯೂಎಸಿ, ಅಂದರೆ ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಘಟಕದ, ಸಂಚಾಲಕನ ಕೆಲಸವೂ ತಲೆಗೆ ಬಿದ್ದಿತ್ತು. ಅಂಥ ಸುತ್ತೋಲೆ ಬರೆದವರಲ್ಲಿ ನಾನೂ ಒಬ್ಬ. ಅದರಿಂದ ಒಂದು ಪ್ಯಾರಾ ಕೂಡ ಹುಟ್ಟಲಿಲ್ಲ. ಆಮೇಲೆ ನಾವು ಮಾಡಿದ ಬೇರೆ ಕೆಲವು ಕೆಲಸಗಳಿಂದ ಹುಟ್ಟಿತು. ಪ್ರಿನ್ಸಿಪಾಲರು, ಸಂಚಾಲಕರು, ವಿಭಾಗದ ಮುಖ್ಯಸ್ಥರು ಮಾಡಿ ನೋಡಬಹುದಾದದ್ದನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಹೆಜ್ಜೆ 1: ಗಂಟೆಗಳ ಲೆಕ್ಕ ಬರೆಯಿರಿ

ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ, ಸಹ ಪ್ರಾಧ್ಯಾಪಕರಿಗೆ 14 ಗಂಟೆ. ಒಟ್ಟು ಕೆಲಸ ವಾರಕ್ಕೆ 40 ಗಂಟೆ. ಕಾಗದದ ಮೇಲೆ ಸಹಾಯಕ ಪ್ರಾಧ್ಯಾಪಕರಿಗೆ 24 ಗಂಟೆ ಉಳಿಯುತ್ತದೆ. ಹೊರಗಿನವರು ಇದನ್ನೇ ಹಿಡಿದು 'ಮೇಷ್ಟ್ರಿಗೇನು, ಆರಾಮ' ಅನ್ನುತ್ತಾರೆ.

ಆ 24 ಗಂಟೆ ಎಲ್ಲಿ ಹೋಗುತ್ತದೆ? ಎಲ್ಲರಿಗೂ ಒಂದೊಂದು ಹಾಳೆ ಕೊಡಿ. ಎರಡು ವಾರ ಪ್ರತಿದಿನ ಸಂಜೆ ಬರೆಯಲಿ. ನಮ್ಮಲ್ಲಿ ಬಂದ ಹಾಳೆಗಳಲ್ಲಿ ಇದ್ದದ್ದು ಇಷ್ಟು: ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆ ಯುಯುಸಿಎಂಎಸ್‌ನಲ್ಲಿ ಅಂಕ ಏರಿಸಿದ್ದು, ಸರ್ವರ್ ಬರಲಿ ಅಂತ ಕಾದದ್ದು, ಅಡ್ಮಿಷನ್ ಕಮಿಟಿ, ವಿದ್ಯಾರ್ಥಿವೇತನದ ಅರ್ಜಿ ಪರಿಶೀಲನೆ, ಎನ್ಎಸ್ಎಸ್ ಕ್ಯಾಂಪಿನ ಅಕ್ಕಿ ಬೇಳೆ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ಗಾಗಿ ಫೈಲು. ಒಬ್ಬ ಮೇಡಂ ಒಂದೇ ಫೋಟೊವನ್ನು ನಾಲ್ಕು ಬೇರೆ ಬೇರೆ ಫೈಲಿಗೆ ಅಂಟಿಸಿದ್ದರು. ಅದನ್ನೂ ಬರೆದಿದ್ದರು, ಪಾಪ.

ಈ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತರೆ ಯಾವುದನ್ನು ಬಿಡಬಹುದು, ಯಾವುದನ್ನು ಆಫೀಸಿನವರಿಗೆ ವಹಿಸಬಹುದು ಅನ್ನುವುದು ತಾನಾಗಿಯೇ ಕಾಣುತ್ತದೆ. ಹಾಗೆ ಉಳಿದ ಹೊತ್ತನ್ನು ಚೂರು ಚೂರು ಹಂಚಬೇಡಿ. ಟೈಮ್ ಟೇಬಲ್‌ನಲ್ಲಿ ಒಂದು ಕಡೆ ಒಟ್ಟುಗೂಡಿಸಿ. ನಾವು ಗುರುವಾರ ಮಧ್ಯಾಹ್ನ 2ರಿಂದ 4:30 ಆರಿಸಿಕೊಂಡೆವು. ಆ ಹೊತ್ತಿನಲ್ಲಿ ಕ್ಲಾಸಿಲ್ಲ, ಮೀಟಿಂಗಿಲ್ಲ, ಯಾರನ್ನೂ ಚೇಂಬರಿಗೆ ಕರೆಯುವ ಹಾಗಿಲ್ಲ. ಮೊದಲ ತಿಂಗಳು ಪ್ರಿನ್ಸಿಪಾಲರೇ ಎರಡು ಸಲ ನಿಯಮ ಮುರಿದರು. ಮೂರನೇ ಸಲ ಅಟೆಂಡರನೇ ನೆನಪಿಸಿದ: 'ಸಾರ್, ಇವತ್ತು ಗುರುವಾರ.'

ಹೆಜ್ಜೆ 2: ಯಾವುದನ್ನು ಸಂಶೋಧನೆ ಅನ್ನುತ್ತೀರಿ, ಮೊದಲೇ ಹೇಳಿ

ಸ್ಕಾಲರ್‌ಶಿಪ್ ಅಂದರೆ ನಮ್ಮ ಕಡೆ ಮಕ್ಕಳ ಬ್ಯಾಂಕ್ ಖಾತೆಗೆ ಬರುವ ದುಡ್ಡು. ವಿದ್ವತ್ತು ಅಂದರೆ ಶಾಲು, ಹಾರ, ಸನ್ಮಾನ. ಎರಡರ ನಡುವೆ, ದಿನವೂ ಓದಿ ಬರೆಯುವ ಸಾದಾ ಕೆಲಸಕ್ಕೆ ನಮ್ಮಲ್ಲಿ ಒಂದು ಹೆಸರೇ ಇಲ್ಲ. ಹೆಸರಿಲ್ಲದ್ದಕ್ಕೆ ಲೆಕ್ಕವೂ ಇಲ್ಲ.

ಅಮೆರಿಕದ ಶಿಕ್ಷಣ ತಜ್ಞ ಅರ್ನೆಸ್ಟ್ ಬಾಯರ್ 1990ರಲ್ಲಿ ಈ ಕೆಲಸವನ್ನು ನಾಲ್ಕಾಗಿ ವಿಂಗಡಿಸಿದರು. ಹೊಸದನ್ನು ಹುಡುಕುವುದು ಒಂದು. ಬೇರೆ ಬೇರೆ ವಿಷಯಗಳನ್ನು ಜೋಡಿಸಿ ಅರ್ಥ ಮಾಡುವುದು ಇನ್ನೊಂದು. ಕಲಿತದ್ದನ್ನು ಊರಿನ ಸಮಸ್ಯೆಗೆ ಹಚ್ಚುವುದು ಮೂರನೆಯದು. ತಾನು ಪಾಠ ಮಾಡುವ ರೀತಿಯನ್ನೇ ಪರೀಕ್ಷಿಸಿ ಬರೆಯುವುದು ನಾಲ್ಕನೆಯದು. ನಾವು ಎಣಿಸುವುದು ಮೊದಲನೆಯದನ್ನು ಮಾತ್ರ. ನಮ್ಮ ಕಾಲೇಜುಗಳಲ್ಲಿ ಆಗಬಹುದಾದದ್ದು ಹೆಚ್ಚಾಗಿ ಉಳಿದ ಮೂರು.

ಕಾಲೇಜು ಮೇಷ್ಟ್ರ ಕೈಯಲ್ಲಿ ದೊಡ್ಡ ಸಂಶೋಧನೆ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಪಾದೂರು ಗುರುರಾಜ ಭಟ್ಟರು ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದವರು, ಮುಂದೆ ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಿನ್ಸಿಪಾಲರಾದರು. ಪಾಠ, ಆಡಳಿತದ ನಡುವೆಯೇ ಗುಡಿಯಿಂದ ಗುಡಿಗೆ ಅಲೆದು 1975ರಲ್ಲಿ ತುಳುನಾಡಿನ ಇತಿಹಾಸದ ದೊಡ್ಡ ಗ್ರಂಥ ಕೊಟ್ಟರು. ಅದೇ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 6 ಸಂಪುಟದ ತುಳು ನಿಘಂಟು ಬಂತು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಸಸ್ಯಶಾಸ್ತ್ರದ ಫಾದರ್ ಸೆಸಿಲ್ ಸಲ್ಡಾನಾ ಹಾಸನ ಜಿಲ್ಲೆಯ ಗಿಡಮರಗಳ ಪೂರ್ತಿ ವಿವರವನ್ನು ಒಬ್ಬ ಸಹಸಂಪಾದಕರ ಜೊತೆ 1976ರಲ್ಲಿ ಹೊರತಂದರು. ಈ ಮೂರೂ ಕೆಲಸಗಳ ವಸ್ತು ಸುತ್ತಲಿನ ನೆಲದ್ದೇ. ಗುಡಿ, ಮಾತು, ಗಿಡ.

ಹೆಜ್ಜೆ 3: ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದ ಪ್ರಶ್ನೆ ಹುಡುಕಿ

ಇದೇ ಮುಖ್ಯ. ಇದಕ್ಕೆ ಆತುರ ಬೇಡ, ಒಂದು ತಿಂಗಳಾದರೂ ಕೊಡಿ. 'ಜಾಗತೀಕರಣದ ಪರಿಣಾಮಗಳು: ಒಂದು ಅಧ್ಯಯನ' ಎಂಬ ತಲೆಬರಹ ಯಾರಾದರೂ ತಂದರೆ ಟೀ ಕೊಟ್ಟು ವಾಪಸ್ ಕಳಿಸಿ.

ನಮ್ಮ ರಸಾಯನಶಾಸ್ತ್ರದವರ ಕಥೆ ಹೇಳುತ್ತೇನೆ. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಮಕ್ಕಳ ಹಲ್ಲು ನೋಡಿದರೇ ಗೊತ್ತಾಗುತ್ತದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ದಾಟಬಾರದು. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಪರವಾಗಿಲ್ಲ. ವಿದ್ಯಾರ್ಥಿಗಳು ಸುತ್ತಲಿನ ಹಳ್ಳಿಗಳಿಂದ ದಿನವೂ ಬಸ್ಸಿನಲ್ಲಿ ಬರುತ್ತಾರೆ. ಪ್ರತಿಯೊಬ್ಬರೂ ತಮ್ಮೂರಿನ ನೀರು ತಂದರೆ? ಖರ್ಚೇ ಇಲ್ಲ, ಅಲ್ವಾ?

ಮೊದಲ ಸಲ ಒಬ್ಬ ಹುಡುಗ ಗಾಜಿನ ಬಾಟಲಿಯಲ್ಲಿ ತಂದ. ಮೇಡಂ ಮುಟ್ಟಲೇ ಇಲ್ಲ. ಫ್ಲೋರೈಡ್ ಗಾಜಿನ ಜೊತೆ ವರ್ತಿಸುತ್ತದೆ, ಅಳತೆ ತಪ್ಪುತ್ತದೆ, ಪ್ಲಾಸ್ಟಿಕ್ ಬಾಟಲಿಯೇ ಬೇಕು. ಅದನ್ನೂ ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಬೇಕು. ಬೋರ್ ಚಾಲೂ ಮಾಡಿದ ತಕ್ಷಣ ಹಿಡಿಯಬಾರದು, ಪೈಪಿನಲ್ಲಿ ನಿಂತ ನೀರು ಹೋಗಲಿ. ಲೇಬಲ್ ಮೇಲೆ ಊರು, ದಿನಾಂಕ, ಯಾವ ಬೋರ್. ಮಳೆಗಾಲಕ್ಕೆ ಮುಂಚೆ ಒಂದು ಸಲ, ಆಮೇಲೆ ಇನ್ನೊಂದು ಸಲ. ಲ್ಯಾಬಿನಲ್ಲಿ ಇದ್ದದ್ದು ಹಳೆಯ ಕಲರಿಮೀಟರ್. ನೀರಿಗೆ ಹಾಕುವ ಕೆಂಪು ದ್ರಾವಣದ ಬಣ್ಣ, ಫ್ಲೋರೈಡ್ ಜಾಸ್ತಿ ಇದ್ದಷ್ಟೂ ತೆಳುವಾಗುತ್ತದೆ. ಎಷ್ಟು ತೆಳುವಾಯಿತು ಅಂತ ಅಳೆಯುವುದೇ ಕೆಲಸ. ತನ್ನೂರಿನ ನೀರಿನಲ್ಲಿ ಬಣ್ಣ ಇಳಿಯುವುದನ್ನು ಕಣ್ಣಾರೆ ನೋಡಿದ ಮೇಲೆ ಆ ಹುಡುಗ ಪ್ರಾಕ್ಟಿಕಲ್ ತಪ್ಪಿಸಿಲ್ಲ.

ಕನ್ನಡ, ಇತಿಹಾಸದವರಿಗೂ ಇಂಥ ಪ್ರಶ್ನೆ ಕೈಗೆಟುಕುವ ಹಾಗೇ ಇದೆ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ತುಮಕೂರು ಜಿಲ್ಲೆಯದು 12ನೇ ಸಂಪುಟ, 1904ರಲ್ಲಿ ಬಂದದ್ದು. ಯಾವ ಊರಿನ ಯಾವ ಜಾಗದಲ್ಲಿ ಶಾಸನದ ಕಲ್ಲಿತ್ತು ಅಂತ ತಾಲ್ಲೂಕುವಾರು ಬರೆದಿದೆ. ಈಗ ಆ ಕಲ್ಲು ಅಲ್ಲೇ ಇದೆಯೆ, ಬಟ್ಟೆ ಒಗೆಯುವ ಕಲ್ಲಾಗಿದೆಯೆ, ರಸ್ತೆ ಅಗಲ ಮಾಡುವಾಗ ಹೋಯಿತೆ? ನಿಮ್ಮ ಜಿಲ್ಲೆಯ ಸಂಪುಟ ಹಿಡಿದು, ಒಂದು ಮೊಬೈಲ್ ಕ್ಯಾಮೆರಾ ಇಟ್ಟುಕೊಂಡು ಹೊರಟರೆ ಸಾಕು. ವಾಣಿಜ್ಯದವರಿಗೆ ವಾರದ ಸಂತೆ ಇದೆ. ಬೆಳಿಗ್ಗೆ ಸಾಲ ತಂದು ಸಂಜೆ ಬಡ್ಡಿ ಸಮೇತ ಕೊಡುವ ತರಕಾರಿಯವರ ಲೆಕ್ಕವನ್ನು ಒಂದು ವರ್ಷ ಬರೆದಿಡುವುದು ಸಣ್ಣ ಕೆಲಸವೇನಲ್ಲ.

ಹೆಜ್ಜೆ 4: ಗುರುವಾರ ಏನು ಮಾಡಬೇಕು

ಪಿಪಿಟಿ ಬೇಡ. ಸ್ವಾಗತ, ವಂದನಾರ್ಪಣೆ ಬೇಡವೇ ಬೇಡ. ಒಬ್ಬರು ತಾವು ಬರೆದ ಎರಡು ಪುಟವನ್ನು ಝೆರಾಕ್ಸ್ ಮಾಡಿಸಿ ತರಬೇಕು. ಉಳಿದವರು ಅಲ್ಲೇ ಕೂತು 20 ನಿಮಿಷ ಸುಮ್ನೆ ಓದಬೇಕು. ಮನೆಯಲ್ಲಿ ಓದಿ ಬನ್ನಿ ಅಂದರೆ ಯಾರೂ ಓದುವುದಿಲ್ಲ, ನಾನೂ ಓದುವುದಿಲ್ಲ. ಆಮೇಲೆ ಮಾತು. ಬರೆದವರು ಮೊದಲ ಅರ್ಧ ಗಂಟೆ ಬಾಯಿ ಬಿಡುವಂತಿಲ್ಲ.

ನಮ್ಮಲ್ಲಿ ಗಣಿತದವರು ಕನ್ನಡದವರ ಬರಹ ಓದಿ 'ಈ ಸಾಲು ಏನು ಹೇಳುತ್ತದೆ ಅಂತ ನನಗೆ ಗೊತ್ತಾಗಲಿಲ್ಲ ಸಾರ್' ಅಂದರು. ಕನ್ನಡದವರಿಗೆ ಮೊದಲು ಸಿಟ್ಟು ಬಂತು. ಎರಡನೇ ಸಲ ಓದಿ ನೋಡಿ, ತಮಗೂ ಗೊತ್ತಾಗುತ್ತಿಲ್ಲ ಅಂತ ನಕ್ಕರು. ಆ ನಗು ಬಂದ ದಿನ ಕೂಟ ನೆಲೆಯಾಗಿ ನಿಂತಿತು, ಇನ್ನು ಬೀಳುವುದಿಲ್ಲ ಅಂದುಕೊಂಡೆ. ಮಂಡಕ್ಕಿ, ಮೆಣಸಿನಕಾಯಿ ತರಿಸುವುದು ಯಾರ ಪಾಳಿ ಅಂತ ಮಾತ್ರ ಮೊದಲೇ ಬರೆದಿಡಿ, ಜಗಳ ಬರುವುದು ಅಲ್ಲೇ.

ಹೆಜ್ಜೆ 5: ಓದಲು ಏನಿದೆ ಅಂತ ತೋರಿಸಿ

ನೀವು ಸರ್ಕಾರಿ ಕಾಲೇಜಿನವರಾದರೆ 2025ರ ಜನವರಿಯಲ್ಲಿ ಶುರುವಾದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ತೆರೆದಿವೆ. ಇದು ಸದ್ಯ ಸರ್ಕಾರಿ ಸಂಸ್ಥೆಗಳಿಗೆ. ಅನುದಾನಿತ ಕಾಲೇಜಿನವರಿಗೆ ಇನ್‌ಫ್ಲಿಬ್‌ನೆಟ್‌ನ ಎನ್-ಲಿಸ್ಟ್ ಎಂಬ ಇ-ಪುಸ್ತಕ, ಇ-ಜರ್ನಲ್‌ಗಳ ಯೋಜನೆ ಇದೆ. ಶೋಧಗಂಗಾದಲ್ಲಿ ದೇಶದ ಪಿಎಚ್.ಡಿ. ಪ್ರಬಂಧಗಳು ಪುಕ್ಕಟೆ ಸಿಗುತ್ತವೆ. ನಿಮ್ಮ ವಿಷಯವನ್ನು ಯಾರಾದರೂ ಆಗಲೇ ಮಾಡಿದ್ದಾರೆಯೇ ಅಂತ ಅಲ್ಲಿ ಮೊದಲು ನೋಡಿ.

ಇದೆಲ್ಲ ಇದೆ ಅಂತ ಸುತ್ತೋಲೆ ಹೊರಡಿಸಿದರೆ ಆಗದು. ಗ್ರಂಥಪಾಲಕರನ್ನು ಒಂದು ಗುರುವಾರ ಕರೆಸಿ. ಪ್ರತಿಯೊಬ್ಬರ ಫೋನಿನಲ್ಲೂ ಲಾಗಿನ್ ಮಾಡಿಸಿ, ಒಂದು ಲೇಖನ ಇಳಿಸಿಕೊಂಡ ಮೇಲೇ ಟೀ.

ಹೆಜ್ಜೆ 6: ದುಡ್ಡು ಕೇಳುವ ಜರ್ನಲ್ ಕಂಡರೆ ನಿಲ್ಲಿ

ಯುಜಿಸಿಯ 2010ರ ನಿಯಮದಲ್ಲಿ ಬಡ್ತಿಗೆ ಎಪಿಐ (ಅಧ್ಯಾಪಕರ ಸಾಧನೆಯ ಸೂಚ್ಯಂಕ) ಅಂಕ ಬಂತು. ಅಂಕಕ್ಕೆ ಪ್ರಕಟಣೆ ಬೇಕು. ಊರಿಗೊಂದು 'ಇಂಟರ್‌ನ್ಯಾಷನಲ್ ಜರ್ನಲ್' ಹುಟ್ಟಿತು. ನಾನೂ ಒಂದಕ್ಕೆ 1,500 ರೂಪಾಯಿ ಕಟ್ಟಿದೆ. ನಾಲ್ಕೇ ದಿನದಲ್ಲಿ ಅಚ್ಚಾಯಿತು. ನನ್ನ ಹೆಸರಿನ ಅಕ್ಷರ ತಪ್ಪಿತ್ತು, ಸಾರಾಂಶದ ಜಾಗದಲ್ಲಿ ಬೇರೆ ಯಾರದೋ ಕೋಳಿ ಸಾಕಣೆಯ ಸಾರಾಂಶವಿತ್ತು. ಯಾರೂ ಓದಿರಲಿಲ್ಲ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಅಂಕ ಮಾತ್ರ ಸಿಕ್ಕಿತು. ಈಗ ಆ ಲಿಂಕ್ ತೆರೆಯುವುದೂ ಇಲ್ಲ.

ಇಂಥದ್ದನ್ನು ತಡೆಯಲು ಯುಜಿಸಿ ತಂದಿದ್ದ ಕೇರ್ ಎಂಬ ಒಪ್ಪಿತ ಜರ್ನಲ್‌ಗಳ ಪಟ್ಟಿ 2025ರ ಫೆಬ್ರುವರಿಯಲ್ಲಿ ನಿಂತಿತು. ಯಾವುದು ಒಳ್ಳೆಯ ಜರ್ನಲ್ ಅಂತ ಈಗ ನಾವೇ ತೂಗಿ ನೋಡಬೇಕು. ಕಷ್ಟವೇನಲ್ಲ. ಹಿಂದಿನ ಎರಡು ಸಂಚಿಕೆ ತೆರೆದು ಓದಿ. ಒಂದೇ ಸಂಚಿಕೆಯಲ್ಲಿ ಪಶುವೈದ್ಯ, ವಚನ ಸಾಹಿತ್ಯ, ಕಾಂಕ್ರೀಟ್ ಮೂರೂ ಇದ್ದರೆ ಅದು ಜರ್ನಲ್ ಅಲ್ಲ, ಝೆರಾಕ್ಸ್ ಅಂಗಡಿ. ಐಎಸ್ಎಸ್ಎನ್ ಎಂಬ ನೋಂದಣಿ ಸಂಖ್ಯೆ ಇದೆ ಅನ್ನುವುದು ವಾಹನಕ್ಕೆ ನಂಬರ್ ಪ್ಲೇಟ್ ಇದ್ದ ಹಾಗೆ, ಗಾಡಿ ಚೆನ್ನಾಗಿದೆ ಅಂತ ಅರ್ಥವಲ್ಲ. ಸ್ಕೋಪಸ್‌ನಲ್ಲಿದ್ದೇವೆ (ಜರ್ನಲ್‌ಗಳ ಒಂದು ದೊಡ್ಡ ಸೂಚಿ ಅದು) ಅಂದರೆ ಸ್ಕೋಪಸ್‌ನ ತಾಣದಲ್ಲೇ ಹುಡುಕಿ, ಅವರ ಮಾತು ನಂಬಬೇಡಿ. ಸಂಪಾದಕ ಮಂಡಳಿಯಲ್ಲಿ ಪರಿಚಯದ ಹೆಸರು ಕಂಡರೆ ಫೋನ್ ಮಾಡಿ. 'ಅಯ್ಯೋ, ನನ್ನ ಹೆಸರಿದೆಯಾ?' ಅನ್ನುವವರು ನನಗೆ ಇಬ್ಬರು ಸಿಕ್ಕಿದ್ದಾರೆ.

ನಕಲಿನ ವಿಷಯಕ್ಕೆ ಯುಜಿಸಿಯ 2018ರ ಇನ್ನೊಂದು ನಿಯಮವಿದೆ. ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ. ಹಾಗಂತ ಪದ ಬದಲಿಸಿ 9ಕ್ಕೆ ಇಳಿಸುವ ಕಸರತ್ತನ್ನು ಸ್ಟಾಫ್ ರೂಮಿನಲ್ಲಿ ಹೇಳಿಕೊಡುವವರೂ ಇದ್ದಾರೆ. ಅಂಥವರಿಂದ ಹೊಸಬರನ್ನು ದೂರ ಇಡಿ.

ಪಿಎಚ್.ಡಿ. ಮಾಡುವವರಿಗೆ

ಯುಜಿಸಿಯ 2022ರ ನಿಯಮದಲ್ಲಿ ಪಾರ್ಟ್ ಟೈಮ್ ಪಿಎಚ್.ಡಿ.ಗೆ ಅವಕಾಶವಿದೆ. ಕನಿಷ್ಠ 3 ವರ್ಷ, ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಆದರೆ ಕೆಲಸ ಮಾಡುವ ಕಡೆಯಿಂದ ನಿರಾಕ್ಷೇಪಣಾ ಪತ್ರ (ಎನ್ಒಸಿ) ಬೇಕು. ಸಂಶೋಧನೆಗೆ ಸಮಯ ಕೊಡುತ್ತೇವೆ, ಬೇಕಾದರೆ ಕೋರ್ಸ್‌ವರ್ಕಿಗೆ ಬಿಡುಗಡೆ ಮಾಡುತ್ತೇವೆ ಅಂತ ಅದರಲ್ಲಿ ಇರಬೇಕು. ಬಹಳ ಜನ ಸಿಕ್ಕಿಬೀಳುವುದು ಗೈಡ್ ಹತ್ತಿರವಲ್ಲ, ಈ ಫೈಲಿನ ಹತ್ತಿರ. ಪ್ರವೇಶ ಪರೀಕ್ಷೆಯ ಅರ್ಜಿ ಹಾಕಿದ ದಿನವೇ ಎನ್ಒಸಿ ಅರ್ಜಿಯನ್ನೂ ಕೊಡಿಸಿ.

ಅತಿಥಿ ಉಪನ್ಯಾಸಕರು

ನಮ್ಮ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾರ ಹೊತ್ತವರು ಇವರೇ. ಹಲವರು ನೆಟ್, ಕೆಸೆಟ್ ಅರ್ಹತಾ ಪರೀಕ್ಷೆ ಪಾಸಾದವರು, ಪಿಎಚ್.ಡಿ. ಆದವರೂ ಇದ್ದಾರೆ. ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಗೊತ್ತಿಲ್ಲದವರಿಗೆ 'ಸಂಶೋಧನೆ ಮಾಡಿ' ಅನ್ನಲು ಬಾಯಿ ಬರುವುದಿಲ್ಲ, ನಿಜ. ಗುರುವಾರದ ಕೂಟಕ್ಕೆ ಬಾ ಅಂತ ಒತ್ತಾಯ ಮಾಡಬೇಡಿ, ಬಂದವರಿಗೆ ಲೈಬ್ರರಿಯ ಲಾಗಿನ್ ಕೊಡಿ, ಬಸ್ ಚಾರ್ಜಾದರೂ ಕೊಡಿ. ಇನ್ನೊಂದು ಮಾತು, ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ: ಅವರು ಮಾಡಿದ ಕೆಲಸಕ್ಕೆ ಮುಖ್ಯಸ್ಥರ ಹೆಸರು ಮೊದಲು ಹಾಕಿಸುವುದು ಕಳ್ಳತನ.

ಕೊನೆಗೆ ದುಡ್ಡು, ಸಹಿ

ಮೊದಲ ವರ್ಷ ದುಡ್ಡು ಬೇಡ. ಬಾಟಲಿ, ಝೆರಾಕ್ಸ್, ಮಂಡಕ್ಕಿಯಲ್ಲಿ ಮುಗಿಯುತ್ತದೆ. ಕೈಯಲ್ಲಿ ಒಂದಿಷ್ಟು ಮಾಹಿತಿ ಕೂಡಿದ ಮೇಲೆ ಅರ್ಜಿ ಹಾಕಿದರೆ ಕೇಳುವ ಮಾತಿಗೂ ತೂಕ ಬರುತ್ತದೆ. ಸಮಾಜ ವಿಜ್ಞಾನದವರಿಗೆ ಐಸಿಎಸ್ಎಸ್ಆರ್ (ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ) ಯೋಜನೆಗಳಿವೆ. ವಿಜ್ಞಾನದವರಿಗೆ ರಾಜ್ಯದ ವಿಜ್ಞಾನ-ತಂತ್ರಜ್ಞಾನ ಸಮಿತಿ ವಿಜಿಎಸ್‌ಟಿ ಇದೆ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ನಡೆಸುವ ಬೇಸಿಗೆ ಫೆಲೋಶಿಪ್ ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಅಧ್ಯಾಪಕರಿಗೂ ಉಂಟು. ಎರಡು ತಿಂಗಳು ಒಳ್ಳೆಯ ಲ್ಯಾಬಿನಲ್ಲಿ ಕೂತು ಬರಬಹುದು. ಇದು ನಮ್ಮ ಕಡೆ ಬಹಳ ಜನರಿಗೆ ಗೊತ್ತೇ ಇಲ್ಲ.

ಇಂಥ ಯೋಜನೆಯ ಅರ್ಜಿಗೆ ಸಾಮಾನ್ಯವಾಗಿ ಸಂಸ್ಥೆಯ ಮುಖ್ಯಸ್ಥರ ಪತ್ರ, ಸಹಿ, ಸೀಲು ಬೇಕಾಗುತ್ತದೆ. ಕೊನೆಯ ದಿನ ಸಂಜೆ ನಾಲ್ಕು ಗಂಟೆಗೆ ಏದುಸಿರು ಬಿಡುತ್ತ ಫೈಲು ಹಿಡಿದು ಒಬ್ಬರು ಬಂದೇ ಬರುತ್ತಾರೆ. 'ಇಷ್ಟು ದಿನ ಏನು ಮಾಡುತ್ತಿದ್ರಿ' ಅಂತ ಕೇಳಬೇಡಿ. ಅವರ ಎರಡು ವಾರದ ಹಾಳೆ ನಿಮ್ಮ ಡ್ರಾಯರಿನಲ್ಲೇ ಇದೆ. ಸಹಿ ಹಾಕಿ ಕೊಡಿ, ಸೈಬರ್ ಕೆಫೆ ಮುಚ್ಚುವುದರೊಳಗೆ ಸ್ಕ್ಯಾನ್ ಮಾಡಿಸಬೇಕು.