ಸುಮ್ಮನೆ ಕೂತ ಅರ್ಧ ತಾಸಿನ ರೊಕ್ಕ

‘ಯಾರೂ ಮಾತಾಡದ ಅರ್ಧ ತಾಸಿಗೂ ರೊಕ್ಕ ಕೊಡಬೇಕೇನ್ರಿ?’

ನನ್ನ ಬಿಲ್ಲಿನ ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟು ನಿರ್ಮಾಪಕರೊಬ್ಬರು ಕೇಳಿದ ಮಾತಿದು. ಶೂಟಿಂಗ್ ಜಾಗದಲ್ಲಿ ಸದ್ದು ರೆಕಾರ್ಡ್ ಮಾಡುವವನು ನಾನು. ಆ ಸಾಲಿನಲ್ಲಿ ‘ರೂಮ್ ಟೋನ್’ ಅಂತ ಬರೆದಿದ್ದೆ. ಒಂದು ಜಾಗದ ಶೂಟಿಂಗ್ ಮುಗಿದ ಮೇಲೆ ಎಲ್ಲರನ್ನೂ ನಿಂತಲ್ಲೇ ನಿಲ್ಲಿಸಿ, ಅದೇ ಮೈಕಿನಲ್ಲಿ ಒಂದೆರಡು ನಿಮಿಷ ಬರೀ ಆ ಜಾಗದ ಸದ್ದನ್ನು ಹಿಡಿದಿಟ್ಟುಕೊಳ್ಳುವ ಕೆಲಸ ಅದು. ಎಡಿಟಿಂಗ್‌ನಲ್ಲಿ ಮಾತಿಗೂ ಮಾತಿಗೂ ನಡುವೆ ಕತ್ತರಿ ಹಾಕಿದಲ್ಲೆಲ್ಲ ತೂತು ಬೀಳುತ್ತದೆ. ಆ ತೂತು ಮುಚ್ಚುವ ತೇಪೆ ಇದೇ. ತೇಪೆ ಇಲ್ಲದಿದ್ದರೆ ಮನೆಯ ಸದ್ದು ಒಮ್ಮೆಲೇ ನಿಂತು ಮತ್ತೆ ಶುರುವಾಗಿ, ನೋಡುವವರಿಗೆ ಏನೋ ಕೆಟ್ಟಿದೆ ಅನಿಸುತ್ತದೆ, ಏನಂತ ಮಾತ್ರ ಗೊತ್ತಾಗುವುದಿಲ್ಲ. ಹನ್ನೆರಡು ಜಾಗ, ಜನರನ್ನು ಸುಮ್ಮನಿರಿಸುವ ಹೊತ್ತೂ ಸೇರಿ ಅರ್ಧ ತಾಸು. ಇಷ್ಟೆಲ್ಲ ಹೇಳಿದ ಮೇಲೆ ಆ ಸಾಹೇಬರು, ‘ಹಂಗಾದ್ರ ಇದು ಕೇಳಿಸೋದ ಇಲ್ಲಲ್ರಿ’ ಅಂದರು. ಹೌದ್ರಿ, ಕೇಳಿಸಬಾರದು ಅಂತಲೇ ಮಾಡೋದು ಅಂದೆ. ನಕ್ಕರು. ಸಾಲು ಹೊಡೆದು ಹಾಕಿದರು.

ನಾನು ವಿಜಯಪುರದವನು. ಈ ಕೆಲಸಕ್ಕೆ ಬರುವ ಮೊದಲು ನಮ್ಮ ಕಾಕಾನ ಮೈಕ್ ಸೆಟ್ಟಿನ ಅಂಗಡಿಯಲ್ಲಿದ್ದೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ, ಬೇಸಿಗೆಯಲ್ಲಿ ಮದುವೆ, ಉಳಿದ ದಿನ ರಾಜಕೀಯದವರ ಸಭೆ. ಅಲ್ಲಿ ಸದ್ದಿಗೆ ಬೆಲೆ ಕಟ್ಟುವುದು ಸಲೀಸು. ಎಷ್ಟು ಬಾಕ್ಸ್, ಎಷ್ಟು ಹಾರ್ನ್, ಎಷ್ಟು ತಾಸು ಅಷ್ಟೇ. ಎದೆ ಗುದ್ದಿದರೆ ರೊಕ್ಕ. ಸಿನಿಮಾದಲ್ಲಿ ಲೆಕ್ಕ ತಿರುಗಾಮುರುಗಾ. ನೀನು ಚೆನ್ನಾಗಿ ಕೆಲಸ ಮಾಡಿದರೆ ನೀನು ಇದ್ದದ್ದೇ ಯಾರಿಗೂ ಗೊತ್ತಾಗುವುದಿಲ್ಲ. ಊರಿನವರಿಗಂತೂ ನಾನು ಇವತ್ತಿಗೂ ‘ಮೈಕಿನಾಂವ’.

ಮೊದಲೆರಡು ವರ್ಷ ನನಗೆ ಸಿಕ್ಕಿದ್ದು ಪೈಲಟ್ ಟ್ರ್ಯಾಕ್ ಹಿಡಿಯುವ ಕೆಲಸ. ನಟರು ಮುಂದೆ ಸ್ಟುಡಿಯೋದಲ್ಲಿ ಡಬ್ಬಿಂಗ್ ಮಾಡುವಾಗ ಕಿವಿಗೆ ದಾರಿ ತೋರಿಸಲು ಬೇಕಾದ ಸದ್ದು, ಆಮೇಲೆ ಕಸ. ಕಸಕ್ಕೆ ಯಾರು ರೊಕ್ಕ ಕೊಡುತ್ತಾರೆ? ‘ಸೌಂಡ್ ಓಕೆನಾ?’ ಅಂತ ಕೇಳುತ್ತಿದ್ದರು, ಉತ್ತರಕ್ಕೆ ಕಾಯುತ್ತಿರಲಿಲ್ಲ. ಊಟದ ಪಟ್ಟಿಯಲ್ಲಿ ನನ್ನ ಹೆಸರು ಜನರೇಟರ್ ಹುಡುಗನ ಕೆಳಗೆ ಇರುತ್ತಿತ್ತು. ಜನರೇಟರ್ ಹುಡುಗನ ಮೇಲೆ ನನಗೇನೂ ಸಿಟ್ಟಿಲ್ಲ, ಅವನ ಜನರೇಟರ್ ಮೇಲೆ ಇದೆ.

ಇಳಕಲ್ಲಿನ ಕಥೆ ಹೇಳದೆ ಮುಂದೆ ಹೋಗಲಿಕ್ಕಾಗುವುದಿಲ್ಲ. ನೇಕಾರ ದಂಪತಿಯ ಮೇಲೆ ಒಂದು ಸಾಕ್ಷ್ಯಚಿತ್ರ, ಮೂರು ದಿನದ ಕೆಲಸ. ದಿನಕ್ಕೆ 2,500 ರೂಪಾಯಿ, ಸಾಮಾನೂ ನನ್ನದೇ, ಬೂಮ್, ಅಂದರೆ ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕ್, ಹಿಡಿಯಲು ಬೇರೆ ಮನುಷ್ಯ ಇಲ್ಲ. ಅದೇ ತಂಡದಲ್ಲಿ ಡ್ರೋನ್ ಹಾರಿಸುವವನಿಗೆ ದಿನಕ್ಕೆ 8,000. ಒಪ್ಪಿಕೊಂಡೆ. ಬೇಡ ಅಂದರೆ ಅವರು ಕ್ಯಾಮೆರಾದ ಮೇಲಿನ ಪುಟ್ಟ ಮೈಕಿನಲ್ಲೇ ಮುಗಿಸುತ್ತಾರೆ ಅಂತ ಗೊತ್ತಿತ್ತು.

ಆ ಮನೆಯ ಅಜ್ಜಿಗೆ, ನಮ್ಮ ಮಾತಿನಲ್ಲಿ ಆಯಿಗೆ, ಎಪ್ಪತ್ತರ ಮೇಲೆ. ಕ್ಯಾಮೆರಾ ಬರುತ್ತದೆ ಅಂತ ಪೆಟ್ಟಿಗೆಯಿಂದ ಹೊಸ ಸೀರೆ ತೆಗೆದು ಉಟ್ಟುಕೊಂಡಿದ್ದರು. ತಲೆ ತುಂಬ ರೇಷ್ಮೆಯ ಸೆರಗು, ಕೈ ತುಂಬ ಗಾಜಿನ ಬಳೆ. ಒಬ್ಬನೇ ಇದ್ದದ್ದರಿಂದ ಬೂಮ್ ಬಿಟ್ಟು ಅವರ ಎದೆಯ ಹತ್ತಿರ ಕಾಲರ್ ಮೈಕ್ ಸಿಕ್ಕಿಸಿದೆ. ಸೆರಗಿನ ಹಾಸನ್ನು, ಅಂದರೆ ಉದ್ದಕ್ಕೆ ಎಳೆದ ನೂಲನ್ನು, ಒಡಲಿನ ಹಾಸಿನ ಜೊತೆ ಕುಣಿಕೆ ಕುಣಿಕೆಯಾಗಿ ಹೇಗೆ ಜೋಡಿಸುತ್ತಾರೆ ಅಂತ ಹೇಳುತ್ತ ಹೇಳುತ್ತ, ಅದೇ ಮಾತಿನ ಎಳೆ ಹಿಡಿದು ತಮ್ಮ ಮದುವೆಯ ಸಂಗತಿಗೆ ಹೋದರು. ಎಂಟು ನಿಮಿಷ. ಅಂಥ ಮಾತು ಕೇಳಿದ್ದು ಅಪರೂಪ. ಆದರೆ ನಾಲ್ಕು ಮಾತಿಗೊಮ್ಮೆ ಆಯಿ ತಲೆಯ ಮೇಲಿನ ಸೆರಗು ಸರಿಪಡಿಸಿಕೊಳ್ಳುವರು, ರೇಷ್ಮೆ ಮೈಕಿನ ಮೇಲೆ ಸರ್ರ್ ಅಂತ ಉಜ್ಜುವುದು. ಹಿಂದಿನ ಓಣಿಯಲ್ಲಿ ಪವರ್ ಲೂಮ್ ಬೇರೆ, ಖಟಖಟ ಖಟಖಟ. ಹೆಡ್‌ಫೋನ್ ಒಳಗೆ ನನಗೆ ಎಲ್ಲವೂ ಕೇಳುತ್ತಿತ್ತು. ನಿರ್ದೇಶಕರ ಕಡೆ ನೋಡಿ ಕೈ ಎತ್ತಿದೆ. ಅವರು ‘ಮ್ಯೂಸಿಕ್ ಹಾಕ್ತೀವಿ ಬಿಡಿ’ ಅಂತ ಪಿಸುಗುಟ್ಟಿದರು. ನಾನೂ ಕೈ ಇಳಿಸಿದೆ. ತಪ್ಪು ಅಲ್ಲೇ ಆಯಿತು. ಅವರದ್ದಲ್ಲ, ನನ್ನದು. 2,500ರ ಮನುಷ್ಯನಿಗೆ ‘ನಿಲ್ಲಿಸ್ರಿ’ ಅನ್ನುವ ಧೈರ್ಯ ಇರಲಿಲ್ಲ.

ಎಡಿಟಿಂಗ್‌ನಲ್ಲಿ ಆ ಎಂಟು ನಿಮಿಷ ಯಾವ ಮ್ಯೂಸಿಕ್ಕಿಗೂ ಬಗ್ಗಲಿಲ್ಲ. ನಟರಾದರೆ ಸ್ಟುಡಿಯೋಗೆ ಕರೆಸಿ ಮತ್ತೆ ಹೇಳಿಸಬಹುದು, ಆಯಿಗೆ ತೆರೆ ನೋಡಿ ತುಟಿ ಕೂಡಿಸು ಅಂದರೆ ಆದೀತೇ? ಬೆಂಗಳೂರಿನ ಡಬ್ಬಿಂಗ್ ಕಲಾವಿದೆಯೊಬ್ಬರಿಂದ ಹೇಳಿಸಿದರು. ಟಿವಿ ಕಾಮಿಡಿಯಲ್ಲಿ ಬರುತ್ತದಲ್ಲ, ಪ್ರತಿ ಮಾತಿಗೂ ‘ರೀ’ ‘ರೀ’ ಅನ್ನುವ ಉತ್ತರ ಕರ್ನಾಟಕ, ಅದು. ಚಿತ್ರ ತೋರಿಸಲು ಇಳಕಲ್ಲಿಗೆ ಹೋದಾಗ ನಾನೂ ಇದ್ದೆ. ಆಯಿ ಸ್ವಲ್ಪ ಹೊತ್ತು ನೋಡಿ, ‘ತಮ್ಮಾ, ಇದು ಯಾರ ದನಿ? ನಾ ಹಿಂಗ ಮಾತಾಡ್ತೀನೇನ?’ ಅಂದರು. ಸಿಟ್ಟಿಲ್ಲ, ಬರೀ ಕೇಳಿದ್ದು.

ಆ ಡಬ್ಬಿಂಗಿಗೆ ಎಷ್ಟು ಖರ್ಚಾಯಿತು ಅಂತ ಆಮೇಲೆ ಮ್ಯಾನೇಜರ್ ಹತ್ತಿರ ಕೇಳಿದೆ. ಸ್ಟುಡಿಯೋ, ಕಲಾವಿದೆ, ಆಮೇಲೆ ಮಗ್ಗದ ಸದ್ದು, ಬಳೆ ಸದ್ದು ಎಲ್ಲ ಹೊಸದಾಗಿ ಕೂಡಿಸಿದ್ದು ಸೇರಿ 18,000. ನನ್ನ ಮೂರು ದಿನದ ಪಗಾರ 7,500. ಈ ಎರಡು ಅಂಕಿಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ. ಅಲ್ಲಿಂದ ಮುಂದೆ ನಾನು ಸದ್ದಿನ ಮಹತ್ವದ ಬಗ್ಗೆ ಭಾಷಣ ಮಾಡುವುದು ಬಿಟ್ಟೆ. ಹೆಂಗೂ ಯಾರೂ ಕೇಳುತ್ತಿರಲಿಲ್ಲ. ಸದ್ದು ಕೆಟ್ಟರೆ ಎಷ್ಟು ಹೋಗುತ್ತದೆ ಅಂತಷ್ಟೇ ಹೇಳತೊಡಗಿದೆ.

ಬೂಮ್ ಹಿಡಿಯುವವನ ಪಗಾರ ಕೇಳುವಾಗ ಈಗ ಒಂದೇ ಮಾತು ಹೇಳುತ್ತೇನೆ: ಲೆನ್ಸು ನಿಂತಲ್ಲಿಂದಲೇ ಝೂಮ್ ಆಗುತ್ತದೆ, ಮೈಕ್ ಆಗುವುದಿಲ್ಲ. ಮೈಕಿಗೂ ಬಾಯಿಗೂ ನಡುವಿನ ದೂರ ಇಮ್ಮಡಿಯಾದಂತೆಲ್ಲ ಮಾತಿನ ಮಟ್ಟ 6 ಡೆಸಿಬಲ್ ಇಳಿಯುತ್ತದೆ. 2 ಅಡಿಯಲ್ಲಿ ಇರಬೇಕಾದ ಮೈಕ್ ಕ್ಯಾಮೆರಾದ ಮೇಲೆ 8 ಅಡಿ ದೂರ ಕೂತರೆ 12 ಡೆಸಿಬಲ್ ಹೋಯಿತು. ಓಣಿಯ ಸದ್ದು ಮಾತ್ರ ಅಷ್ಟೇ ಉಳಿಯುತ್ತದೆ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ನಿರ್ಮಾಪಕರ ಕಿವಿಗೆ ಎರಡನೇ ಹೆಡ್‌ಫೋನ್ ಹಾಕಿ, ಅವರ ಡ್ರೈವರನನ್ನೇ ನಿಲ್ಲಿಸಿ ಮಾತಾಡಿಸಿ, ಮೈಕ್ ಹಿಂದೆ ಮುಂದೆ ಸರಿಸಿದರೆ ಸಾಕು. ಅರ್ಧ ನಿಮಿಷದ ಕೆಲಸ. ಬೂಮ್ ಹುಡುಗನ ಪಗಾರಕ್ಕೆ ಆಮೇಲೆ ಚೌಕಾಶಿ ಕಡಿಮೆ.

ಸೆರಗಿಗೂ ಉಪಾಯ ಕಲಿತೆ, ತಡವಾಗಿ. ಟೇಪನ್ನು ಅಂಟು ಹೊರಗೆ ಬರುವಂತೆ ತ್ರಿಕೋನವಾಗಿ ಮಡಚಿ ಮೈಕಿನ ಎರಡೂ ಬದಿಗೆ ಹಚ್ಚುವುದು. ಒಂದು ಬದಿ ಕುಪ್ಪಸಕ್ಕೆ, ಇನ್ನೊಂದು ಬದಿ ಸೆರಗಿಗೆ ಅಂಟಬೇಕು. ಬಟ್ಟೆಯೂ ಮೈಕೂ ಕೂಡಿಯೇ ಅಲುಗಿದರೆ ಉಜ್ಜಾಟ ಇಲ್ಲ. ಆದರೂ ರೇಷ್ಮೆ ಕಂಡರೆ ಇವತ್ತಿಗೂ ನನಗೆ ಎದೆ ಡವಡವ.

ಇನ್ನೊಂದು ಕೆಲಸ ಮಾಡಿದೆ. ಆರು ದಿನದ ಒಂದು ಶೂಟಿಂಗ್‌ನಲ್ಲಿ ಯಾರಿಂದ ಎಷ್ಟು ಹೊತ್ತು ಕಾಯಬೇಕಾಯಿತು ಅಂತ ಬರೆದಿಟ್ಟೆ. ಲೈಟ್ ಮತ್ತು ಕ್ಯಾಮೆರಾಕ್ಕೆ ಐದು ತಾಸು ಚಿಲ್ಲರೆ. ಸದ್ದಿಗೆ 35 ನಿಮಿಷ. ‘ಈ ಸೌಂಡಿನಾಂವ ಕೆಲಸ ನಿಲ್ಲಿಸ್ತಾನ’ ಅಂತ ಗೊಣಗುತ್ತಿದ್ದ ಮ್ಯಾನೇಜರಿಗೆ ಆ ಪುಟ ತೋರಿಸಿದೆ. ಅವರು ಪುಟ ತಿರುಗಿಸಿ ಹಿಂದೆ ಏನಿದೆ ಅಂತ ನೋಡಿದರು. ಊಟದ ಲೆಕ್ಕ ಇತ್ತು. ಅದನ್ನೂ ಓದಿದರು.

ನನಗೆ ನಿಜವಾಗಿ ಬೆಲೆ ಬಂದದ್ದು ಗೋಳಗುಮ್ಮಟದಿಂದ. ಒಂದು ಕಿರುಚಿತ್ರದವರಿಗೆ ಗುಮ್ಮಟದ ನಟ್ಟನಡುವೆ ಗಂಡ ಹೆಂಡತಿ ಜಗಳದ ದೃಶ್ಯ ಬೇಕಿತ್ತು. ಎರಡು ಪುಟ ಸಂಭಾಷಣೆ. ಜಾಗ ನೋಡಲು, ನಮ್ಮ ಭಾಷೆಯಲ್ಲಿ ರೆಕ್ಕಿಗೆ, ಸೌಂಡಿನವರನ್ನು ಕರೆಯುವ ರೂಢಿ ಇಲ್ಲ. ನಾನು ಊರಿನವನು, ದಾರಿ ಗೊತ್ತು ಅಂತ ಕರೆದರು. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಒಳಗೆ ಹೋದೆವು, ಪ್ರವಾಸಿಗರ ಕೂಗಾಟ ಶುರುವಾಗುವ ಮುಂಚೆ. 1656ರಲ್ಲಿ ಮುಗಿದ ಕಟ್ಟಡ, ಹೊರಗಿನಿಂದ ಸುಮಾರು 44 ಮೀಟರ್ ಅಗಲದ ಗುಮ್ಮಟ, ಒಳಗೆ ಒಂದೂ ಕಂಬ ಇಲ್ಲ. ಕ್ಯಾಮೆರಾದವರು ಮೇಲೆ ನೋಡುತ್ತ ನಿಂತರು. ಮೇಲಿನ ಗ್ಯಾಲರಿಯಲ್ಲಿ ಒಂದು ಬದಿ ಪಿಸುಗುಟ್ಟಿದ್ದು ಎದುರು ಬದಿಗೆ ಕೇಳುತ್ತದೆ, ಕೂಗಿದ್ದು ಏಳು ಸಲ ಮರುದನಿಸುತ್ತದೆ ಅಂತ ಗೈಡ್‌ಗಳು ಹೇಳುವುದನ್ನು ಚಿಕ್ಕಂದಿನಿಂದ ಕೇಳಿದವನು ನಾನು. ಮೇಲೆ ಹತ್ತಿ, ನಿರ್ದೇಶಕರ ಕಿವಿಗೆ ಹೆಡ್‌ಫೋನ್ ಹಾಕಿ ಒಂದೇ ಒಂದು ಚಪ್ಪಾಳೆ ಹೊಡೆದೆ. ಆಮೇಲೆ ಕೆಳಗಿಳಿದು, ನಟ್ಟನಡುವೆ ನಿಂತು ಅವರ ಸ್ಕ್ರಿಪ್ಟಿನ ಮೊದಲ ಎರಡು ಸಾಲು ಓದಿದೆ. ಗಂಡನ ಮಾತಿನ ಬಾಲ ಹೆಂಡತಿಯ ಮಾತಿನ ಮೇಲೆ ಕೂತಿತ್ತು. ಸ್ವರ ಮಾತ್ರ ಉಳಿದು ಅಕ್ಷರ ಕರಗಿತ್ತು.

ನಿರ್ದೇಶಕರು ಹೆಡ್‌ಫೋನ್ ತೆಗೆದು ಸುಮ್ಮನೆ ನಿಂತರು. ಜಗಳವನ್ನು ಹೊರಗಿನ ಹುಲ್ಲುಹಾಸಿಗೆ ತರೋಣ, ಒಳಗೆ ಹೆಂಡತಿ ಅವನ ಹೆಸರು ಒಂದೇ ಸಲ ಕೂಗಲಿ ಅಂದೆ. ಕ್ಯಾಮೆರಾದವರು ಮುಖ ಸಿಂಡರಿಸಿದರು. ಆದರೆ ಹಾಗೇ ಮಾಡಿದರು. ಒಂದು ದಿನದ ಶೂಟಿಂಗ್ ಖರ್ಚು ಉಳಿಯಿತು, ಪುರಾತತ್ತ್ವ ಇಲಾಖೆಗೆ ಕಟ್ಟುವ ಶುಲ್ಕವೂ ಒಂದು ದಿನದ್ದೇ ಆಯಿತು. ಆ ಕೂಗನ್ನು ನೋಡಿದವರೆಲ್ಲ ನೆನಪಿಟ್ಟುಕೊಂಡಿದ್ದಾರೆ. ‘ಎಂಥಾ ಶಾಟ್’ ಅನ್ನುತ್ತಾರೆ. ಹ್ಞೂಂ, ಶಾಟ್.

ಸಿನಿಮಾಕ್ಕೆ ಮಾತು ಬಂದ ಹೊಸದರಲ್ಲಿ ಹೀಗಿರಲಿಲ್ಲ ಅನಿಸುತ್ತದೆ. 1934ರಲ್ಲಿ ತೆರೆಗೆ ಬಂದ ಕನ್ನಡದ ಮೊದಲ ವಾಕ್ಚಿತ್ರ ತಯಾರಾದದ್ದು ಬೆಳಗಾವಿಯಿಂದ ದೂರವಲ್ಲದ ಕೊಲ್ಲಾಪುರದಲ್ಲಿ. ಮಾತೇ ಆಗ ದೊಡ್ಡ ಸುದ್ದಿ. ನಮ್ಮ ಕಡೆ ಥೇಟರಿಗೆ ಈಗಲೂ ಟಾಕೀಜ್ ಅಂತಾರಲ್ಲ, ಆ ಹೆಸರಿನ ಒಳಗೇ ಮಾತು ಕೂತಿದೆ. ರಾಷ್ಟ್ರೀಯ ಪ್ರಶಸ್ತಿಯಲ್ಲಿ ಕೆಲವು ವರ್ಷ ಸ್ಥಳದಲ್ಲಿ ಸದ್ದು ಹಿಡಿದವರಿಗೆ, ಅದನ್ನು ವಿನ್ಯಾಸ ಮಾಡಿದವರಿಗೆ, ಕೊನೆಯ ಮಿಕ್ಸಿಂಗ್ ಮಾಡಿದವರಿಗೆ ಬೇರೆ ಬೇರೆ ಬಹುಮಾನ ಇದ್ದವು. 2022ರ ಚಿತ್ರಗಳಿಗೆ ಕೊಟ್ಟ 70ನೇ ಪ್ರಶಸ್ತಿಯ ಹೊತ್ತಿಗೆ ಮೂರೂ ಸೇರಿ ‘ಸೌಂಡ್ ಡಿಸೈನ್’ ಒಂದೇ ಆಯಿತು, ಬಹುಮಾನದ ಮೊತ್ತ ಹೆಚ್ಚಾಯಿತು. ಆಸ್ಕರಿನವರೂ 2021ರ ಸಮಾರಂಭದಿಂದ ಸದ್ದಿನ ಎರಡು ಪ್ರಶಸ್ತಿಗಳನ್ನು ಒಂದು ಮಾಡಿದರು. ಅವರವರ ಕಾರಣ ಅವರವರಿಗೆ. ಬಿಸಿಲಲ್ಲಿ ಬೂಮ್ ಹಿಡಿದು ನಿಂತವನಿಗೆ ಮಾತ್ರ ನಮ್ಮಲ್ಲಿ ಈಗ ಬೇರೆ ಹೆಸರಿಲ್ಲ.

ಈಗ ಹೊಸ ಮಾತೊಂದು ಬಂದಿದೆ: ‘32 ಬಿಟ್ ಫ್ಲೋಟ್ ರೆಕಾರ್ಡರ್ ಇದೆಯಲ್ಲ, ಎಐನಲ್ಲಿ ಕ್ಲೀನ್ ಮಾಡಿದರಾಯಿತು, ಮನುಷ್ಯ ಯಾಕೆ?’ ನಾನೂ ಅಂಥ ರೆಕಾರ್ಡರ್ ಕೊಂಡಿದ್ದೇನೆ. ಯಾರಾದರೂ ಒಮ್ಮೆಲೇ ಚೀರಿದರೂ ಸದ್ದು ಒಡೆಯುವುದಿಲ್ಲ, ಅಷ್ಟರ ಮಟ್ಟಿಗೆ ನಿಶ್ಚಿಂತೆ. ಆದರೆ ದೂರ ಇಟ್ಟ ಮೈಕನ್ನು ಅದು ಹತ್ತಿರ ತರುವುದಿಲ್ಲ. ಫ್ಯಾನಿನ ಗುಂಯ್‌ಗುಟ್ಟುವಿಕೆಯನ್ನು ಸಾಫ್ಟ್‌ವೇರ್ ಚೆನ್ನಾಗಿಯೇ ತೆಗೆಯುತ್ತದೆ. ಕಬ್ಬಿನ ಟ್ರ್ಯಾಕ್ಟರ್ ಬಂದರೆ ಅದರ ಆಟ ನಡೆಯುವುದಿಲ್ಲ. ನವೆಂಬರ್ ಬಂತೆಂದರೆ ಮುಧೋಳ, ಜಮಖಂಡಿ ದಾರಿಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಟೇಪಿನಲ್ಲಿ ಜಾನಪದ ಹಾಡು ಹಚ್ಚಿಕೊಂಡು ಒಂದರ ಹಿಂದೆ ಒಂದು ಹೊರಟಿರುತ್ತವೆ. ಅದರಲ್ಲೂ ಮನುಷ್ಯರ ದನಿ, ನಮ್ಮ ನಾಯಕಿಯದೂ ಮನುಷ್ಯರ ದನಿ. ಯಾವುದನ್ನು ಇಡಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ನಾನು ರಸ್ತೆಯ ಎರಡೂ ಬದಿ ಇಬ್ಬರು ಹುಡುಗರನ್ನು ನಿಲ್ಲಿಸುತ್ತೇನೆ. ‘ಅಣ್ಣಾ, ಎರಡ ಮಿನಿಟ್ ಟೇಪ್ ಬಂದ್ ಮಾಡ್ರಿ.’ ‘ಯಾವ ಹೀರೋ ಬಂದಾನೋ?’ ‘ಯಾರೂ ಇಲ್ರಿ, ಡಾಕ್ಯುಮೆಂಟರಿ.’ ಹೀರೋ ಇಲ್ಲ ಅಂದರೆ ಕೆಲವರು ನಿಲ್ಲಿಸುವುದೇ ಇಲ್ಲ. ಅದಕ್ಕೇ ನನ್ನ ಕೊಟೇಶನ್ನಿನಲ್ಲಿ ‘ಟ್ರ್ಯಾಕ್ಟರಿನವರ ಚಾ: 500’ ಅಂತ ಒಂದು ಸಾಲಿದೆ. ವಿಚಿತ್ರ ಏನೆಂದರೆ ರೂಮ್ ಟೋನ್ ಹೊಡೆದು ಹಾಕಿದವರೂ ಈ ಸಾಲನ್ನು ಇದುವರೆಗೆ ಮುಟ್ಟಿಲ್ಲ.

ಈಗ ನನ್ನ ದರ ಮೊದಲಿನ ಮೂರು ಪಟ್ಟು, ಬೂಮ್ ಹುಡುಗನದು ಬೇರೆ, ರೆಕ್ಕಿಗೆ ಅರ್ಧ ದಿನದ್ದು ಬೇರೆ. ಬಾಕಿ ವಸೂಲಿ ಮಾತ್ರ ಹಳೆಯ ದರದಲ್ಲೇ ನಡೆದಿದೆ. ಎರಡು ಕಡೆಯಿಂದ ಬರಬೇಕು.

ಹೋದ ವಾರ ಮುಧೋಳದ ಹತ್ತಿರ ಒಂದು ತೋಟದ ಮನೆ ನೋಡಿ ಬಂದೆವು. ಜನವರಿಯಲ್ಲಿ ಶೂಟಿಂಗ್ ಅಂದಿದ್ದರು. ಮನೆಯ ಕಟ್ಟೆಯ ಮೇಲೆ ಕೂತು ಹತ್ತು ನಿಮಿಷ ರೆಕಾರ್ಡ್ ಮಾಡಿ ಕೇಳಿಸಿದೆ, ಅಷ್ಟರಲ್ಲಿ ಏಳು ಟ್ರ್ಯಾಕ್ಟರ್ ಹೋಗಿದ್ದವು. ನಿರ್ಮಾಪಕರು ನಾಲ್ಕನೆಯದಕ್ಕೇ ಹೆಡ್‌ಫೋನ್ ತೆಗೆದರು. ಕಬ್ಬು ನುರಿಸುವುದು ಮುಗಿದ ಮೇಲೆ ಬರೋಣ ಅಂತ ತಾರೀಖು ಏಪ್ರಿಲ್‌ಗೆ ಹಾಕಿದರು. ಸದ್ದಿಗಾಗಿ ತಾರೀಖು ಬದಲಾದದ್ದು ನನ್ನ ಅನುಭವದಲ್ಲಿ ಇದೇ ಮೊದಲು. ಬರುವಾಗ ಜೀಪಿನಲ್ಲಿ ಯಾರೂ ಮಾತಾಡಲಿಲ್ಲ. ಏಪ್ರಿಲ್ ಅಂದರೆ ಮುಧೋಳದಲ್ಲಿ 40 ಡಿಗ್ರಿ, ತಗಡಿನ ಮನೆ, ಟೇಕ್ ಶುರುವಾಗುವಾಗ ಫ್ಯಾನ್ ಬಂದ್ ಮಾಡ್ರಿ ಅಂತ ಹೇಳುವವನು ನಾನೇ.