ರಸೀದಿಗಳನ್ನು ಸುಡಬೇಡಿ ಅಂದೆ

ಕಾರಿನ ಡಿಕ್ಕಿಯಿಂದ ಮೂರು ರಟ್ಟಿನ ಪೆಟ್ಟಿಗೆ ಇಳಿಸಿ ಆ ಹಿರಿಯ ಹೆಂಗಸು ಹೇಳಿದರು: “ಪತ್ರಗಳೆಲ್ಲ ಈ ಮೊದಲನೆಯದರಲ್ಲಿವೆ. ಉಳಿದ ಎರಡರಲ್ಲಿ ಬರೀ ಹಳೇ ಬಿಲ್ಲು, ರಸೀದಿ. ಬೇಡ ಅಂದರೆ ಹೇಳಿಬಿಡಿ, ಹಿತ್ತಲಲ್ಲಿ ಸುಟ್ಟುಹಾಕ್ತೀನಿ.”

ನಾನಿರುವುದು ಅಮೆರಿಕದ ಮಿಸೌರಿ ರಾಜ್ಯದಲ್ಲಿ. ಇಲ್ಲಿನ ಒಂದು ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಇತಿಹಾಸ ಸಂಘದ ದಾಖಲೆ ಕೋಣೆಯಲ್ಲಿ ಕೆಲಸ. ವಾರಕ್ಕೆರಡು ದಿನ ಸುಮ್ಮನೆ ಸಹಾಯಕ್ಕೆಂದು ಹೋಗುತ್ತಿದ್ದವಳು ಆಮೇಲೆ ತರಬೇತಿ ಪಡೆದು ಅಲ್ಲೇ ಉಳಿದುಕೊಂಡೆ. ಊರಲ್ಲಿ ಓದಿದ್ದು ಬಿ.ಕಾಂ. ತಿಪಟೂರಿನಲ್ಲಿ ಅಪ್ಪನದು ಕೊಬ್ಬರಿ ಮಂಡಿ. ಬೇಸಿಗೆ ರಜೆಯಲ್ಲಿ ಅವರ ಪಕ್ಕ ಕೂತು ಕಿರ್ದಿಯಿಂದ, ಅಂದರೆ ದಿನದ ಲೆಕ್ಕದ ಪುಸ್ತಕದಿಂದ, ಖಾತೆಗೆ ಎತ್ತಿ ಬರೆದು ಕೈ ಪಳಗಿತ್ತು. ಹಾಗಾಗಿ ‘ಬರೀ ಬಿಲ್ಲು’ ಅನ್ನುವ ಮಾತು ಕೇಳಿ ಹೊಟ್ಟೆ ಚುರುಕ್ ಅಂತು. “ದಯವಿಟ್ಟು ಸುಡಬೇಡಿ. ಕೊಡುವುದಾದರೆ ಮೂರನ್ನೂ ಕೊಡಿ” ಅಂದೆ. ಅವತ್ತೇ ದಾನಪತ್ರಕ್ಕೆ ಸಹಿ ಹಾಕಿಸಿಕೊಂಡೆವು. ಸಹಿ ಇಲ್ಲದೆ ಕಾಗದ ಒಳಗಿಟ್ಟುಕೊಂಡರೆ ನಾಳೆ ಅದು ಯಾರದು ಅನ್ನುವ ತಕರಾರು ಬರಬಹುದು.

ಈ ಪೆಟ್ಟಿಗೆಗಳ ಕತೆ ಶುರುವಾಗುವುದು ಅಮೆರಿಕದ ‘ಫ್ರಾಂಟಿಯರ್’ನಲ್ಲಿ. ಆ ಪದಕ್ಕೆ ನಾವು ಗಡಿ ಅಂತೇವೆ. ಆದರೆ ನಮ್ಮ ಕಿವಿಗೆ ಗಡಿ ಅಂದರೆ ಎರಡು ರಾಜ್ಯಗಳ ನಡುವಿನ ಗೆರೆ. ಇಲ್ಲಿ ಅದು ವರ್ಷ ವರ್ಷ ಪಶ್ಚಿಮಕ್ಕೆ ಸರಿಯುತ್ತಿದ್ದ ಅಂಚು: ಹೊಸದಾಗಿ ಬಂದ ಬಿಳಿಯರ ಕೊನೆಯ ಮನೆ ಎಲ್ಲಿತ್ತೋ ಅಲ್ಲಿಯವರೆಗೆ. ಪೆಟ್ಟಿಗೆ ತಂದ ಹೆಂಗಸಿನ ಕುಟುಂಬ 1819ರಲ್ಲಿ ಕೆಂಟಕಿಯಿಂದ ಮಿಸೌರಿ ನದಿಯ ಬೂನ್ಸ್‌ಲಿಕ್ ಸೀಮೆಗೆ ಬಂದದ್ದು. ಆಗ ಮಿಸೌರಿ ಇನ್ನೂ ರಾಜ್ಯವಾಗಿರಲಿಲ್ಲ. ಫ್ರಾಂಕ್ಲಿನ್ ಊರಿನಲ್ಲಿ ಸರಕಾರದ ಜಮೀನು ಕಚೇರಿ ತೆರೆದು ಒಂದು ವರ್ಷವಾಗಿತ್ತಷ್ಟೆ. ಅದಕ್ಕೂ ಮುಂಚೆ 1808ರ ಒಪ್ಪಂದದಲ್ಲಿ ಇಲ್ಲಿನ ಮೂಲನಿವಾಸಿಗಳಾದ ಓಸೇಜ್ ಜನರಿಂದ ಈ ನೆಲವನ್ನು ಬಿಡಿಸಿಕೊಂಡಾಗಿತ್ತು. ಮೂರು ಪೆಟ್ಟಿಗೆಯಲ್ಲಿ ಆ ಜನರ ಒಂದು ಚೀಟಿಯೂ ಇಲ್ಲ. ಕುಟುಂಬದ ಮೊದಲ ಕಾಗದವೇ ಜಮೀನು ಕಚೇರಿಯ ರಸೀದಿ. ವಿವರಪಟ್ಟಿಯ, ಅಂದರೆ ಯಾವ ಫೋಲ್ಡರಿನಲ್ಲಿ ಏನಿದೆ ಅಂತ ತೋರಿಸುವ ಪಟ್ಟಿಯ, ಪೀಠಿಕೆಯನ್ನು ನಾನು ಅದಕ್ಕೇ 1819ರಿಂದ ಶುರುಮಾಡದೆ 1808ರಿಂದ ಶುರುಮಾಡಿದೆ.

ಹೊಸದಾಗಿ ಬಂದ ಪೆಟ್ಟಿಗೆಯನ್ನು ಉಳಿದ ದಾಖಲೆಗಳ ಜೊತೆ ಇಡುವಂತಿಲ್ಲ. ಬೇರೆ ಕೋಣೆಯಲ್ಲಿಟ್ಟು ಬೂಷ್ಟು, ಬೆಳ್ಳಿಹುಳ, ಇಲಿ ಹಿಕ್ಕೆ ನೋಡಬೇಕು. ಬೂಷ್ಟು ಇರಲಿಲ್ಲ, ಮಸಿ ಬೇಕಾದಷ್ಟಿತ್ತು. ಮೆತ್ತನೆಯ ಕುಂಚದಿಂದ, ಮಸಿ ಹೀರುವ ರಬ್ಬರ್ ಸ್ಪಂಜಿನಿಂದ ಒಂದೊಂದೇ ಹಾಳೆ ಒರೆಸಿದೆವು. ಬಿಳಿ ಹತ್ತಿ ಕೈಗವಸು ಹಾಕಿಕೊಂಡೇ ಹಳೇ ಕಾಗದ ಮುಟ್ಟಬೇಕು ಅಂತ ಬಹಳ ಜನ ನಂಬಿದ್ದಾರೆ. ಕಾಗದಕ್ಕೆ ಅದು ಸಲ್ಲ. ಬೆರಳಿಗೆ ಸ್ಪರ್ಶವೇ ತಿಳಿಯದೆ ಅಂಚು ಹರಿಯುತ್ತದೆ. ಸೋಪು ಹಾಕಿ ತೊಳೆದು ಒಣಗಿಸಿದ ಕೈ ಸಾಕು. ಕೈಗವಸು ಬೇಕಾಗುವುದು ಫೋಟೋಗಳಿಗೆ.

ಇನ್ನು ನಾನು ಮಾಡಿದ ತಪ್ಪು. ಎರಡನೇ ಪೆಟ್ಟಿಗೆಯಲ್ಲಿ ಒಂದು ದಪ್ಪ ಕಟ್ಟಿತ್ತು, ಬಣ್ಣ ಹೋದ ಟೇಪಿನಿಂದ ಬಿಗಿದದ್ದು. ಒಳಗೆ ವೈದ್ಯನ ಬಿಲ್ಲು, ಶವಪೆಟ್ಟಿಗೆ ಮಾಡಿದ ಬಡಗಿಯ ರಸೀದಿ, ಉಪ್ಪಿನ ಲೆಕ್ಕ, ಯಾರದೋ ಸಾಲದ ಚೀಟಿ, ಎಲ್ಲ ಕಲಸುಮೇಲೋಗರ. ಎಲ್ಲವನ್ನೂ ಬಿಚ್ಚಿ ತಾರೀಕಿನ ಪ್ರಕಾರ ಜೋಡಿಸಿದೆ, ಅಚ್ಚುಕಟ್ಟಾಯಿತು ಅಂದುಕೊಂಡೆ. ಮೂರು ವಾರದ ಮೇಲೆ ಪೆಟ್ಟಿಗೆಯ ತಳದಲ್ಲಿ ಒಂದು ಉದ್ದನೆಯ ಲೆಕ್ಕದ ಹಾಳೆ ಸಿಕ್ಕಿತು. ಮನೆಯ ಯಜಮಾನ ತೀರಿಕೊಂಡ ಮೇಲೆ ಅವನ ಆಸ್ತಿ-ಸಾಲ ಚುಕ್ತಾ ಮಾಡಿದ ಹಿರಿಯ ಮಗ ಕೋರ್ಟಿಗೆ ಒಪ್ಪಿಸಿದ ಜಮಾ-ಖರ್ಚು. ಒಂದೊಂದು ಬಾಬಿನ ಎದುರಿಗೂ ವೋಚರ್ ನಂಬರು. ನಾನು ಒಡೆದ ಕಟ್ಟು ಆ ವೋಚರುಗಳದೇ! ಅವನು ಯಾವ ಸಾಲ ಮೊದಲು ತೀರಿಸಿದ, ಯಾರನ್ನು ಕೊನೆಗೆ ನಿಲ್ಲಿಸಿದ ಎಂಬುದೆಲ್ಲ ಆ ಕಟ್ಟಿನ ಕ್ರಮದಲ್ಲೇ ಇತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನ್ನನ್ನು ಉಳಿಸಿದ್ದು ಹಳೆಯ ಕಾಲದವರ ಒಂದು ಅಭ್ಯಾಸ. ಆಗಿನವರು ಕಾಗದವನ್ನು ಉದ್ದಕ್ಕೆ ಮೂರ್ನಾಲ್ಕು ಮಡಿಕೆ ಮಾಡಿ, ಹೊರಬದಿಯ ಮಡಿಕೆಯ ಮೇಲೆ ಯಾರದು, ಎಷ್ಟು, ಯಾವಾಗ ಅಂತ ಷರಾ ಬರೆಯುತ್ತಿದ್ದರು. ಈ ಮಗ ಅಲ್ಲೇ ಮೂಲೆಯಲ್ಲಿ ಚಿಕ್ಕದಾಗಿ ನಂಬರೂ ಹಾಕಿದ್ದ. ಅದನ್ನು ಹಿಡಿದು ನಾಲ್ಕು ದಿನ ಕೂತು 63 ಚೀಟಿಗಳನ್ನು ಮತ್ತೆ ಅವನ ಕ್ರಮಕ್ಕೇ ತಂದೆ. ಎರಡು ಮಾತ್ರ ಎಲ್ಲಿಗೆ ಸೇರಬೇಕೆಂದು ಇನ್ನೂ ತಿಳಿದಿಲ್ಲ. ಬೇರೆ ಫೋಲ್ಡರಿನಲ್ಲಿಟ್ಟು, ಕ್ರಮ ಕೆಡಿಸಿದ್ದು ನಾನೇ ಅಂತ ವಿವರಪಟ್ಟಿಯಲ್ಲಿ ಬರೆದಿದ್ದೇನೆ. ಈಗ ಯಾವ ಕಟ್ಟನ್ನಾದರೂ ಬಿಚ್ಚುವ ಮೊದಲು ಇದ್ದ ಹಾಗೇ ಫೋಟೋ ತೆಗೆದು, ಪೆನ್ಸಿಲಿನಿಂದ ಸರಣಿ ಸಂಖ್ಯೆ ಹಾಕಿಯೇ ಮುಂದಿನ ಕೆಲಸ. ಪೆನ್ಸಿಲು ಮಾತ್ರ; ನಮ್ಮ ಕೋಣೆಯೊಳಗೆ ಪೆನ್ನು ಬರುವಂತಿಲ್ಲ.

ಮೂರನೇ ಪೆಟ್ಟಿಗೆಯಲ್ಲಿ ಸಾಲದ ಚೀಟಿಗಳು, ನಮ್ಮ ಪ್ರೋನೋಟಿನಂಥವೇ. ಹದಿನೇಳು ಇದ್ದವು. ಅವುಗಳಲ್ಲಿ ಹನ್ನೊಂದರ ಬಲ ಮೂಲೆ ಕಿತ್ತುಹೋಗಿತ್ತು. ಜೊತೆಗೆ ಕೆಲಸ ಮಾಡುವ ಹುಡುಗ “ಇಲಿ ಕಡಿದಿದೆ, ರಿಪೇರಿಗೆ ಹಾಕೋಣ್ವಾ?” ಅಂದ. ನಾನು ಒಂದನ್ನು ಬೆಳಕಿಗೆ ಹಿಡಿದು ನೋಡಿದೆ. ಇಲಿ ಕಡಿದರೆ ಅಂಚು ಸಣ್ಣ ಸಣ್ಣ ಹಲ್ಲಾಗಿರುತ್ತದೆ. ಇಲ್ಲಿ ಒಂದೇ ಎಳೆತಕ್ಕೆ ಹರಿದ ಮೆತ್ತನೆಯ ನಾರಿನ ಅಂಚು, ಹನ್ನೊಂದರಲ್ಲೂ ಸಹಿ ಇರಬೇಕಾದ ಜಾಗದಲ್ಲೇ. ಸಾಲ ತೀರಿದ ದಿನ ಸಹಿಯನ್ನು ಹರಿದು ತೆಗೆದಿದ್ದರು, ಚೀಟಿ ಮತ್ತೆ ಚಲಾವಣೆಯಾಗಬಾರದು ಅಂತ. ಅಪ್ಪನ ಮಂಡಿಯಲ್ಲೂ ಬಾಕಿ ಚುಕ್ತಾ ಆದಾಗ ರೈತನ ಕಣ್ಣೆದುರಿಗೇ ನೋಟು ಹರಿಯುತ್ತಿದ್ದರು. ತಿರುಗಿಸಿ ನೋಡಿದರೆ ಬೆನ್ನಿನ ಮೇಲೆ ವಸೂಲಿ ಷರಾಗಳು: ಇಷ್ಟು ಹಂದಿಮಾಂಸ ಬಾಬ್ತು, ಇಷ್ಟು ದಿನದ ಕೆಲಸ ಬಾಬ್ತು, ಇಷ್ಟು ನಗದು. ನಗದು ಬಹಳ ಕಡಿಮೆ. ಆ ಹರಿದ ಮೂಲೆಗಳಿಗೆ ಜಪಾನಿ ಕಾಗದ ಅಂಟಿಸಿ ಸರಿಪಡಿಸಿದ್ದರೆ ಸಾಲ ತೀರಿದ ಸಾಕ್ಷಿಯನ್ನೇ ಮುಚ್ಚಿಹಾಕಿದಂತಾಗುತ್ತಿತ್ತು.

ಪತ್ರಗಳ ಪೆಟ್ಟಿಗೆಯನ್ನು ಎಲ್ಲರೂ ಮೊದಲು ಓದಬಯಸುತ್ತಾರೆ. ಅದರಲ್ಲಿರುವುದು ಬಹುಪಾಲು ಈ ಮನೆಗೆ ಬಂದ ಪತ್ರಗಳು. ಇವರು ಬರೆದವು ಕೆಂಟಕಿಯಲ್ಲಿ ಉಳಿದಿರಬಹುದು, ಹೋಗಿರಬಹುದು. 1821ರಲ್ಲಿ ಕೆಂಟಕಿಯಲ್ಲಿದ್ದ ತಂದೆ ಇಲ್ಲಿಗೆ ಬಂದ ಮಗನಿಗೆ ಬರೆಯುತ್ತಾರೆ, ನೀವೆಲ್ಲ ಸುಖವಾಗಿ ನೆಲೆಗೊಂಡಿದ್ದೀರೆಂದು ತಿಳಿದು ಸಮಾಧಾನವಾಯಿತು ಅಂತ. ಅದೇ ತಿಂಗಳ ರಸೀದಿಗಳನ್ನು ಪಕ್ಕದಲ್ಲಿಟ್ಟು ನೋಡಿದೆ. 1819ರಲ್ಲಿ ಸರಕಾರಿ ಜಮೀನಿಗೆ ಎಕರೆಗೆ ಕನಿಷ್ಠ 2 ಡಾಲರ್ ಇತ್ತು. ಕಾಲು ಭಾಗ ಮೊದಲು, ಉಳಿದದ್ದು ನಾಲ್ಕು ವರ್ಷದೊಳಗೆ ಕಂತಿನಲ್ಲಿ. 1819ರ ಹಣದ ಮುಗ್ಗಟ್ಟಿನಲ್ಲಿ ಬೆಲೆಗಳು ಕುಸಿದು ಕಂತು ಕಟ್ಟಲಾಗದೆ ಸಾವಿರಾರು ಜನ ಸಿಕ್ಕಿಬಿದ್ದರು. 1820ರ ಕಾಯಿದೆ ಸಾಲದ ಪದ್ಧತಿಯನ್ನೇ ನಿಲ್ಲಿಸಿ ಎಕರೆಗೆ 1.25 ಡಾಲರ್ ನಗದು ಎಂದಿತು. ಮರುವರ್ಷ ಬಾಕಿದಾರರಿಗೆ ಜಮೀನಿನ ಒಂದು ಭಾಗ ವಾಪಸು ಕೊಟ್ಟು ಸಾಲ ಇಳಿಸಿಕೊಳ್ಳುವ ದಾರಿ ಸಿಕ್ಕಿತು. ಈ ಮಗ ಅರ್ಧ ಜಮೀನು ವಾಪಸು ಕೊಟ್ಟಿದ್ದಾನೆ. ತಂದೆಗೆ ಅದನ್ನು ಬರೆದಿಲ್ಲ, ಅಥವಾ ತಂದೆ ಅದರ ಮಾತು ಎತ್ತಿಲ್ಲ. ದೂರದೂರಿನಿಂದ ಮನೆಗೆ ‘ಎಲ್ಲ ಚೆನ್ನಾಗಿದೆ’ ಅಂತ ಫೋನಿನಲ್ಲಿ ಹೇಳುವ ನನ್ನಂಥವಳಿಗೆ ಆ ಎರಡು ಕಾಗದಗಳ ನಡುವಿನ ಮೌನ ಚೆನ್ನಾಗಿ ಅರ್ಥವಾಗುತ್ತದೆ.

ಪತ್ರಕ್ಕೂ ಲೆಕ್ಕವಿತ್ತು. ಆಗಿನ ಅಂಚೆಯಲ್ಲಿ 400 ಮೈಲಿ ದಾಟಿದ ಪತ್ರಕ್ಕೆ ಒಂದು ಹಾಳೆಗೆ 25 ಸೆಂಟು, ಎರಡು ಹಾಳೆಯಾದರೆ ಎರಡರಷ್ಟು. ಸಾಮಾನ್ಯವಾಗಿ ಕೊಡುತ್ತಿದ್ದವರು ಪತ್ರ ಪಡೆದವರು. ಲಕೋಟೆಯೂ ಒಂದು ಹಾಳೆಯೆಂದೇ ಎಣಿಕೆಯಾಗುತ್ತಿದ್ದುದರಿಂದ ಲಕೋಟೆ ಇಲ್ಲ. ಹಾಳೆಯನ್ನೇ ಮಡಚಿ ಅರಗು ಹಾಕಿ, ಬೆನ್ನಿಗೆ ವಿಳಾಸ. ಮೇಲ್ಮೂಲೆಯಲ್ಲಿ ಕೈಬರಹದ ‘25’. ಮನೆಯ ಕಿರ್ದಿಯಲ್ಲಿ ಅದೇ ದಿನ ‘ಪತ್ರ, 25 ಸೆಂಟು’ ಅಂತ ಖರ್ಚು ಬಿದ್ದಿದೆ. ಅದೇ ಪುಟದಲ್ಲಿ ಒಬ್ಬ ಆಳಿನ ದಿನಗೂಲಿ ಅರ್ಧ ಡಾಲರ್. ಅಂದರೆ ಅಮ್ಮನ ಕ್ಷೇಮಸಮಾಚಾರಕ್ಕೆ ಅರ್ಧ ದಿನದ ಕೂಲಿ. ಹಾಳೆ ತುಂಬಿದ ಮೇಲೆ ಅದನ್ನು ಅಡ್ಡ ತಿರುಗಿಸಿ ಬರೆದದ್ದರ ಮೇಲೇ ಬರೆದಿದ್ದಾರೆ. ಓದಲು ಕಣ್ಣು ಎರಡು ದಿನ ಪಳಗಬೇಕು.

ಆ ಕಾಲದ ಕಾಗದ ಹಳೇ ಬಟ್ಟೆಯ ನಾರಿನದು. ಇನ್ನೂರು ವರ್ಷವಾದರೂ ಗಟ್ಟಿ. ಇದೇ ಪೆಟ್ಟಿಗೆಯ 1880ರ ಪತ್ರಗಳು ಮರದ ತಿರುಳಿನ ಕಾಗದ, ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತವೆ. ಹಳೆಯ ಕಬ್ಬಿಣದ ಶಾಯಿಯದು ಬೇರೆ ಕಷ್ಟ: ಅದು ನಿಧಾನಕ್ಕೆ ಕಾಗದವನ್ನೇ ತಿನ್ನುತ್ತದೆ. ಮಡಿಕೆ ಬಿಡಿಸಲು ಕಾಗದಕ್ಕೆ ತೇವದ ಹವೆ ಕೊಡುವ ಪದ್ಧತಿ ಇದೆ, ಆದರೆ ಅಕ್ಷರದ ಸುತ್ತ ಕಂದು ಹಬ್ಬಿದ್ದರೆ ನಾನು ಅದಕ್ಕೆ ಕೈಹಾಕುವುದಿಲ್ಲ. ಮಡಿಕೆಯಲ್ಲೇ ಬಿಟ್ಟರೂ ಸರಿ, ಅಕ್ಷರ ಉಳಿಯಲಿ. ತುಕ್ಕು ಹಿಡಿದ ಗುಂಡುಸೂಜಿಗಳನ್ನು ತೆಗೆದು, ಆಮ್ಲವಿಲ್ಲದ ಫೋಲ್ಡರು, ಆಮ್ಲವಿಲ್ಲದ ಪೆಟ್ಟಿಗೆ. ಚರ್ಮದ ರಟ್ಟು ಕೆಂಪು ಪುಡಿಯಾಗಿ ಉದುರುತ್ತಿದ್ದ ಎರಡು ಖಾತೆ ಪುಸ್ತಕಗಳನ್ನು ಕಾಗದದಲ್ಲಿ ಸುತ್ತಿ ಹತ್ತಿ ಟೇಪು ಕಟ್ಟಿ ಮಲಗಿಸಿದೆ. ನಮ್ಮೂರ ಕಡೆ ಎಷ್ಟೋ ಮನೆಗಳಲ್ಲಿ ಕ್ರಯಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಿ ಜೋಪಾನ ಮಾಡಿದೆವು ಅಂದುಕೊಂಡಿರುತ್ತಾರೆ. ಹೋದಾಗಲೆಲ್ಲ ಕೈ ಮುಗಿದು ಹೇಳುತ್ತೇನೆ, ಮಾಡಿಸಬೇಡಿ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗುವುದಿಲ್ಲ.

ಅದೇ ಮೂರನೇ ಪೆಟ್ಟಿಗೆಯಲ್ಲಿ ನನ್ನನ್ನು ನಿಲ್ಲಿಸಿದ ಇನ್ನೊಂದು ಬಗೆಯ ಚೀಟಿಗಳಿದ್ದವು. ಒಂದು ಹೀಗಿದೆ: ಇಂಥ ಹೆಸರಿನ ಹೆಂಗಸನ್ನು ಜನವರಿ ಒಂದರಿಂದ ಕ್ರಿಸ್ಮಸ್‌ವರೆಗೆ ಬಾಡಿಗೆಗೆ ಪಡೆದದ್ದಕ್ಕೆ ಇಷ್ಟು ಡಾಲರ್ ಕೊಡುತ್ತೇನೆ, ಅವಳಿಗೆ ಬೇಸಿಗೆ ಬಟ್ಟೆ, ಚಳಿಗಾಲದ ಬಟ್ಟೆ, ಒಂದು ಕಂಬಳಿ, ಒಂದು ಜೊತೆ ಷೂ ಕೊಟ್ಟು ವಾಪಸು ಕಳಿಸುತ್ತೇನೆ. ಈ ಕುಟುಂಬ ಗುಲಾಮರನ್ನು ಇಟ್ಟುಕೊಂಡಿತ್ತು, ಕೆಲಸವಿಲ್ಲದಾಗ ನೆರೆಯವರಿಗೆ ಬಾಡಿಗೆಗೆ ಕೊಡುತ್ತಿತ್ತು. ಪತ್ರಗಳ ಪೆಟ್ಟಿಗೆಯಲ್ಲಿ ಅವರ ಸುಳಿವು ‘ನಮ್ಮ ಜನ’ ಅನ್ನುವ ಎರಡು ಪದ ಮಾತ್ರ. ರಸೀದಿಗಳಲ್ಲಿ ಹೆಸರುಗಳಿವೆ, ಒಂಬತ್ತು ಹೆಸರು. 1850, 1860ರ ಜನಗಣತಿಯ ಗುಲಾಮರ ಪಟ್ಟಿಯಲ್ಲಿ ವಯಸ್ಸು, ಲಿಂಗ, ಬಣ್ಣ ಇರುತ್ತದೆ, ಹೆಸರು ಇರುವುದಿಲ್ಲ. ಮಿಸೌರಿಯಲ್ಲಿ 1865ರ ಜನವರಿಯಲ್ಲಿ ಬಿಡುಗಡೆಯಾಗಿ, 1870ರ ಗಣತಿಯಲ್ಲಿ ಮೊದಲ ಸಲ ಎಲ್ಲರೂ ಹೆಸರು ಹಿಡಿದು ದಾಖಲಾದರು. ಅದಕ್ಕೂ ಹಿಂದಿನ ಅಜ್ಜಿಯನ್ನು ಹುಡುಕಿಕೊಂಡು ಬರುವವರಿಗೆ ಇಂಥ ಬಾಡಿಗೆ ಚೀಟಿ, ವೈದ್ಯನ ಬಿಲ್ಲು, ಆಸ್ತಿ ಪಟ್ಟಿಗಳೇ ಆಧಾರ. ಹಿತ್ತಲಲ್ಲಿ ಸುಡಬೇಕೆಂದಿದ್ದ ಕಾಗದಗಳು ಇವೇ.

ವಿವರಪಟ್ಟಿಯಲ್ಲಿ ಆ ಒಂಬತ್ತು ಹೆಸರುಗಳನ್ನು ಕುಟುಂಬದವರ ಹೆಸರುಗಳ ಜೊತೆಗೇ, ಅಷ್ಟೇ ದೊಡ್ಡಕ್ಷರದಲ್ಲಿ ಹಾಕುತ್ತೇನೆ, ಯಾವ ಫೋಲ್ಡರಿನಲ್ಲಿ ಯಾರಿದ್ದಾರೆ ಅಂತ ತೋರಿಸುತ್ತೇನೆ ಅಂತ ಆ ಹಿರಿಯರಿಗೆ ಕರಡು ಓದಿ ಹೇಳಿದೆ. ತುಂಬ ಹೊತ್ತು ಮಾತಾಡಲಿಲ್ಲ. “ನಮ್ಮಲ್ಲಿ ಒಬ್ಬಿಬ್ಬರಿಗೆ ಇದು ಹಿಡಿಸಲ್ಲ” ಅಂದರು. ಆಮೇಲೆ, “ಆದರೆ ಸುಳ್ಳು ಪಟ್ಟಿ ಮಾಡಲಿ ಅಂತ ನಾನು ನಿಮಗೆ ಕೊಟ್ಟಿದ್ದಲ್ಲ. ಹಾಕಿ.” ಕುಟುಂಬದ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಆ ಒಂಬತ್ತು ಜನರ ಹೆಸರನ್ನೂ ಬರೆಯುತ್ತಿಲ್ಲ. ಅವರ ಕಡೆಯವರು ಬಂದು ಮೊದಲು ನೋಡಲಿ ಅಂತ ನನ್ನ ಆಸೆ.

ಕೊನೆಗೆ ಎಲ್ಲ ಸೇರಿ ಏಳು ಪೆಟ್ಟಿಗೆ, ಎರಡು ಖಾತೆ ಪುಸ್ತಕವಾಯಿತು. ಖಾಲಿಯಾದ ಮೂರನೇ ರಟ್ಟಿನ ಪೆಟ್ಟಿಗೆಯನ್ನು ಕೊಡವುವಾಗ ತಳದ ಮಡಿಕೆಯಿಂದ ಬೆರಳಗಲದ ಒಂದು ಕಾಗದದ ಪಟ್ಟಿ ಬಿತ್ತು. ಒಂದು ತುದಿ ನೇರ, ಇನ್ನೊಂದು ತುದಿ ಕತ್ತರಿಯಿಂದ ಓರೆಯಾಗಿ ಕತ್ತರಿಸಿದ್ದು. ಪುಸ್ತಕಕ್ಕೆ ಗುರುತಿಗೆ ಇಟ್ಟ ಚೂರು ಅಂತ ಕಸದ ಬುಟ್ಟಿಯ ಕಡೆ ಕೈ ಹೋಗಿತ್ತು. ತಿರುಗಿಸಿದರೆ ಹಿಂದೆ ಸಣ್ಣಕ್ಷರದಲ್ಲಿ ಒಂದು ಹೆಸರು, ಬಾಡಿಗೆ ಚೀಟಿಯಲ್ಲಿದ್ದ ಅದೇ ಹೆಂಗಸಿನದು. ಷೂ ಹೊಲಿಯುವವನಿಗೆ ಕಳಿಸಲು ಅವಳ ಪಾದಕ್ಕೆ ಹಿಡಿದು ಕತ್ತರಿಸಿದ ಅಳತೆ. ಸ್ಕೇಲು ಇಟ್ಟು ನೋಡಿದೆ: ಒಂಬತ್ತೂಕಾಲು ಅಂಗುಲ. ಮಡಚದೆ, ಪಾಲಿಯೆಸ್ಟರ್ ಹೊದಿಕೆಯಲ್ಲಿಟ್ಟು, ಆ ಬಾಡಿಗೆ ಚೀಟಿಯ ಪಕ್ಕದಲ್ಲೇ ಇಟ್ಟಿದ್ದೇನೆ. ಆರನೇ ಪೆಟ್ಟಿಗೆ, ನಾಲ್ಕನೇ ಫೋಲ್ಡರು.