ನರಸಾಪುರಕ್ಕೂ ವಸಂತನರಸಾಪುರಕ್ಕೂ ಒಂದೇ ರೆಸ್ಯೂಮ್ ಸಾಲದು

ಕೋಲಾರದ ನರಸಾಪುರದಲ್ಲಿ ದ್ವಿಚಕ್ರ ವಾಹನ, ಮೊಬೈಲ್ ಫೋನ್ ತಯಾರಾಗುತ್ತವೆ. ತುಮಕೂರಿನ ವಸಂತನರಸಾಪುರದಲ್ಲಿ ಫುಡ್ ಪಾರ್ಕ್ ಇದೆ, ಮೆಷಿನ್ ಟೂಲ್ ಪಾರ್ಕ್ ಇದೆ. ಮಾಲೂರು, ವೇಮಗಲ್, ಗೌರಿಬಿದನೂರಿನ ಕಾರ್ಖಾನೆಗಳದ್ದು ಮತ್ತೊಂದು ಬಗೆಯ ಕೆಲಸ. ಆದರೆ ಇಷ್ಟು ಕಡೆಗೂ ಹೋಗುವ ರೆಸ್ಯೂಮ್ ಒಂದೇ ಅಚ್ಚಿನದು. ಸೈಬರ್ ಸೆಂಟರ್‌ನ ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಫೈಲಿಗೆ ಹೆಸರು, ಅಂಕ ಬದಲಿಸಿ ಪ್ರಿಂಟ್ ತೆಗೆದದ್ದು. ಮೇಲೆ ಯಾರದೋ ಬಾಯಿಪಾಠದ 'ಆಬ್ಜೆಕ್ಟಿವ್', ಕೆಳಗೆ ಹವ್ಯಾಸ, ಧರ್ಮ, ಡಿಕ್ಲರೇಷನ್. ಈ ಅಭ್ಯರ್ಥಿಗೆ ಯಾವ ಮೆಷಿನ್ ಗೊತ್ತು, ಯಾವ ಶಿಫ್ಟಿಗೆ ಬರಬಲ್ಲರು, ಯಾವಾಗ ಸೇರುತ್ತಾರೆ ಎಂಬುದನ್ನು ಮಾತ್ರ ಹುಡುಕಿದರೂ ಸಿಗುವುದಿಲ್ಲ.

ತಿದ್ದಲು ಕೂರುವ ಮುಂಚೆ ಒಂದು ಅಳತೆಗೋಲು ಇಟ್ಟುಕೊಳ್ಳಿ. ರೆಸ್ಯೂಮಿನ ಪ್ರತಿ ಸಾಲಿನ ಹಿಂದೆ ನೀವು ಕೈಯಾರೆ ಮಾಡಿದ ಕೆಲಸ ಇರಬೇಕು, ಇಲ್ಲವೇ ತೋರಿಸಬಲ್ಲ ಕಾಗದ ಇರಬೇಕು. ಎರಡೂ ಇಲ್ಲದ ಸಾಲನ್ನು ಹೊಡೆದುಹಾಕಿ. 'ಹಾರ್ಡ್ ವರ್ಕರ್', 'ಕ್ವಿಕ್ ಲರ್ನರ್', 'ಪಾಸಿಟಿವ್ ಥಿಂಕಿಂಗ್' ಎಲ್ಲವೂ ಮೊದಲ ಸುತ್ತಿನಲ್ಲೇ ಹೋಗುತ್ತವೆ, ಹೋಗಲಿ.

ಹೆಸರಿನಿಂದಲೇ ಶುರು

ನಮ್ಮ ಕಡೆ ಇನಿಷಿಯಲ್ ತರುವ ತೊಂದರೆ ದೊಡ್ಡದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ ಎನ್', ಆಧಾರ್‌ನಲ್ಲಿ 'ಮಂಜುನಾಥ್ ನಾರಾಯಣಪ್ಪ', ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ 'ಎನ್ ಮಂಜುನಾಥ್'. ಕೆಲಸ ಸಿಕ್ಕ ಮೇಲೆ ಪಿಎಫ್ ಖಾತೆಗೆ ಆಧಾರ್ ಜೋಡಿಸುವಾಗ ಹೆಸರು ತಾಳೆಯಾಗದೆ ಎಲ್ಲವೂ ನಿಲ್ಲುತ್ತದೆ. ರೆಸ್ಯೂಮಿನಲ್ಲಿ ಆಧಾರ್‌ನಲ್ಲಿರುವ ಹೆಸರನ್ನೇ, ಅದೇ ಸ್ಪೆಲಿಂಗಿನಲ್ಲಿ ಹಾಕಿ. ಅಂಕಪಟ್ಟಿಗೂ ಆಧಾರ್‌ಗೂ ವ್ಯತ್ಯಾಸವಿದ್ದರೆ, ಅಥವಾ ಮದುವೆಯ ನಂತರ ಹೆಸರು ಬದಲಾಗಿದ್ದರೆ, ಸಂದರ್ಶನದ ಕರೆ ಬರುವವರೆಗೆ ಕಾಯದೆ ಈಗಲೇ ತಿದ್ದುಪಡಿಗೆ ಕೊಡಿ.

ಹೆಸರಿನ ಕೆಳಗೆ ಒಂದೇ ಸಾಲು: ಮೊಬೈಲ್ ನಂಬರ್, ಇಮೇಲ್, ಊರು, ತಾಲ್ಲೂಕು, ಪಿನ್‌ಕೋಡ್. ಮನೆ ನಂಬರ್, ಅಡ್ಡರಸ್ತೆ ಬೇಡ. ಆಧಾರ್, ಪ್ಯಾನ್ ಸಂಖ್ಯೆಗಳನ್ನು ಯಾವ ಕಾರಣಕ್ಕೂ ರೆಸ್ಯೂಮಿನಲ್ಲಿ ಹಾಕಬೇಡಿ. ಈ ಕಾಗದ ಎಷ್ಟು ವಾಟ್ಸ್‌ಆ್ಯಪ್ ಗುಂಪು ಸುತ್ತುತ್ತದೋ ಹೇಳಲಾಗದು, ಮತ್ತು ಸೇರುವ ದಿನದವರೆಗೆ ಆ ಸಂಖ್ಯೆಗಳು ಯಾರಿಗೂ ಬೇಕಿಲ್ಲ. ಇಮೇಲ್ ವಿಳಾಸ ಹೆಸರಿನದೇ ಆಗಿರಲಿ, ಅದರ ಪಾಸ್‌ವರ್ಡ್ ನಿಮಗೆ ನೆನಪಿರಲಿ. ಸೈಬರ್‌ನವರು ಮಾಡಿಕೊಟ್ಟ ಐಡಿಗೆ ಆಫರ್ ಲೆಟರ್ ಬಂದು, ತೆರೆಯಲಾಗದೆ ಕೂತವರಿದ್ದಾರೆ.

ಆಬ್ಜೆಕ್ಟಿವ್ ಇದ್ದ ಜಾಗದಲ್ಲಿ ಮೂರು ಸಾಲು

ಜಾಹೀರಾತಿನ ಮೇಲೆ ಪೆನ್ನು ಹಿಡಿದು ಹುದ್ದೆ, ಟ್ರೇಡ್, ಮೆಷಿನ್ ಅಥವಾ ಸಾಫ್ಟ್‌ವೇರ್, ಶಿಫ್ಟ್, ಸ್ಥಳ ಈ ಐದಕ್ಕೆ ಗೆರೆ ಎಳೆಯಿರಿ. ಆ ಐದಕ್ಕೂ ಉತ್ತರ ಮೊದಲ ಮೂರು ಸಾಲಿನಲ್ಲೇ ಇರಬೇಕು. ರೆಸ್ಯೂಮ್ ಇಂಗ್ಲಿಷಿನಲ್ಲಿರುತ್ತದೆ, ಆದರೆ ತಾತ್ಪರ್ಯ ಹೀಗಿರಲಿ (ಸಿಎನ್‌ಸಿ ಎಂದರೆ ಕಂಪ್ಯೂಟರ್ ಪ್ರೋಗ್ರಾಂನಿಂದ ಓಡುವ ಮೆಷಿನ್):

'ಐಟಿಐ ಫಿಟ್ಟರ್, 2023. ಸಿಎನ್‌ಸಿ ಲೇತ್ ಆಪರೇಟರ್ ಆಗಿ 14 ತಿಂಗಳು. ಮೂರೂ ಶಿಫ್ಟಿಗೆ ಸಿದ್ಧ. ವಾಸ ಬಂಗಾರಪೇಟೆ, ನರಸಾಪುರಕ್ಕೆ ಓಡಾಟ ಮಾಡಬಲ್ಲೆ. 7 ದಿನದಲ್ಲಿ ಸೇರಬಲ್ಲೆ.'

ಓಡಾಟದ ಸಾಲನ್ನು ಸಣ್ಣದೆಂದು ಬಿಡಬೇಡಿ. ದೂರದ ಹಳ್ಳಿಯವರು ರಾತ್ರಿ ಶಿಫ್ಟಿಗೆ ಬರಲಾಗದೆ ಬೇಗ ಬಿಟ್ಟು ಹೋಗುತ್ತಾರೆ ಎಂಬ ಅಳುಕು ನೇಮಕ ಮಾಡುವವರಿಗೆ ಇದ್ದೇ ಇರುತ್ತದೆ. ಕಂಪನಿ ಬಸ್ಸಿನ ಪಿಕಪ್ ಪಾಯಿಂಟ್ ಗೊತ್ತಿದ್ದರೆ ಅದನ್ನೇ ಬರೆಯಿರಿ. ವೈಟ್‌ಫೀಲ್ಡ್ ಕಡೆಯ ಆಫೀಸ್ ಕೆಲಸಕ್ಕೆ ಹಾಕುವ ಕೆಜಿಎಫ್, ಮಾಲೂರಿನವರು ಮಾರಿಕುಪ್ಪಂ–ಬೆಂಗಳೂರು ರೈಲುಮಾರ್ಗದಲ್ಲಿ ಇದ್ದೇವೆಂದು ಹೇಳಿಕೊಳ್ಳುವುದು ಲಾಭವೇ.

ಕೆಲಸದ ಸಾಲು: ಅಸಲಿ ತೂಕ ಇಲ್ಲಿ

'ಸಿಎನ್‌ಸಿ ಬಗ್ಗೆ ಒಳ್ಳೆಯ ಜ್ಞಾನವಿದೆ' ಎಂಬುದು ಏನನ್ನೂ ಹೇಳುವುದಿಲ್ಲ. ಅದನ್ನು ಬಿಡಿಸಿ ಬರೆದರೆ ಹೀಗಾಗುತ್ತದೆ:

'ಸಿಎನ್‌ಸಿ ಲೇತ್, ಫ್ಯಾನುಕ್ ಕಂಟ್ರೋಲ್. ಜಾಬ್ ಲೋಡಿಂಗ್, ಇನ್ಸರ್ಟ್ ಬದಲಾವಣೆ, ಟೂಲ್ ಆಫ್‌ಸೆಟ್ ತಿದ್ದುಪಡಿ. ಅಳತೆಗೆ ವರ್ನಿಯರ್ 0.02 ಮಿ.ಮೀ., ಮೈಕ್ರೋಮೀಟರ್ 0.01 ಮಿ.ಮೀ. ಶಿಫ್ಟಿಗೆ ಸುಮಾರು 180 ಪೀಸ್.'

ಸಂಖ್ಯೆ ಹಾಕುವ ಮುಂಚೆ ನೀವೇ ಗುಣಿಸಿ ನೋಡಿ. 8 ಗಂಟೆಯ ಶಿಫ್ಟಿನಲ್ಲಿ ಊಟ, ಟೀಗೆ ಅರ್ಧ ಗಂಟೆ ಕಳೆದರೆ 450 ನಿಮಿಷ. 180 ಪೀಸ್ ಎಂದರೆ ಪೀಸಿಗೆ ಎರಡೂವರೆ ನಿಮಿಷ. ನಿಮ್ಮ ಜಾಬಿನ ಸೈಕಲ್ ಟೈಮ್ 4 ನಿಮಿಷವಾಗಿದ್ದರೆ 112ರ ಮೇಲೆ ಆಗುವ ಮಾತೇ ಇಲ್ಲ. ಎದುರು ಕೂತ ಪ್ರೊಡಕ್ಷನ್ ಸೂಪರ್‌ವೈಸರ್ ಈ ಲೆಕ್ಕವನ್ನು ಮನಸ್ಸಿನಲ್ಲೇ ಮಾಡುತ್ತಾರೆ. ಪ್ರೋಗ್ರಾಂ ನೀವು ಬರೆಯುತ್ತಿದ್ದಿರೋ, ಸೆಟ್ಟರ್ (ಮೆಷಿನ್ ಸಜ್ಜುಮಾಡಿಕೊಡುವವರು) ಹಾಕಿಕೊಟ್ಟದ್ದನ್ನು ಓಡಿಸುತ್ತಿದ್ದಿರೋ ಎಂಬುದನ್ನೂ ಬೇರೆಯಾಗಿ ತಿಳಿಸಿ. ಆಪರೇಟರ್ ಆಗಿದ್ದವರು ಪ್ರೋಗ್ರಾಮರ್ ಎಂದು ಹಾಕಿಕೊಂಡರೆ ಜಿ-ಕೋಡ್ (ಮೆಷಿನ್‌ಗೆ ಪ್ರೋಗ್ರಾಂ ಬರೆಯುವ ಸಂಕೇತಗಳು) ಕೇಳಿದ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ, ಆಪರೇಟರ್ ಕೆಲಸವೂ ತಪ್ಪುತ್ತದೆ.

ಬಿ.ಕಾಂ. ಮುಗಿಸಿದವರಿಗೂ ಇದೇ ಮಾತು. 'ಟ್ಯಾಲಿ, ಜಿಎಸ್‌ಟಿ ಗೊತ್ತು' ಬಿಟ್ಟು, ಖರೀದಿ–ಮಾರಾಟದ ಎಂಟ್ರಿ ತಿಂಗಳಿಗೆ ಎಷ್ಟು ಬಿಲ್, ಬ್ಯಾಂಕ್ ತಾಳೆ ನೋಡುತ್ತಿದ್ದಿರೇ, ಇ-ವೇ ಬಿಲ್ ತೆಗೆದಿದ್ದೀರೇ ಬರೆಯಿರಿ. ಜಿಎಸ್‌ಟಿ ರಿಟರ್ನ್‌ಗಳಾದ ಜಿಎಸ್‌ಟಿಆರ್-1 ಮತ್ತು 3ಬಿಗೆ ನೀವು ಲೆಕ್ಕ ಸಿದ್ಧಮಾಡಿಕೊಟ್ಟು ಆಡಿಟರ್ ಫೈಲ್ ಮಾಡಿದ್ದರೆ 'ಸಿದ್ಧಪಡಿಸಿದೆ' ಎನ್ನಿ, 'ಫೈಲ್ ಮಾಡಿದೆ' ಎನ್ನಬೇಡಿ. ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಮೊದಲನೆಯದು ಮುಂದಿನ ತಿಂಗಳ 11ರೊಳಗೆ, ಎರಡನೆಯದು 20ರೊಳಗೆ. ಕೇಳಿದಾಗ ಈ ತಾರೀಖು ತಪ್ಪಾಗಿ ಹೇಳಿದರೆ ಉಳಿದ ಸಾಲುಗಳನ್ನೂ ಯಾರೂ ನಂಬುವುದಿಲ್ಲ.

ಏಜೆನ್ಸಿ ರೋಲಿನಲ್ಲಿದ್ದವರು ಎಡವುವ ಜಾಗ

ಈ ಭಾಗದ ದೊಡ್ಡ ಕಾರ್ಖಾನೆಗಳಲ್ಲಿ ದುಡಿಯುವ ಅನೇಕರ ಸಂಬಳ ಬರುವುದು ಗುತ್ತಿಗೆ ಏಜೆನ್ಸಿಯಿಂದ. ಕೆಲಸ ಮಾಡಿದ್ದು ದೊಡ್ಡ ಕಂಪನಿಯ ಲೈನಿನಲ್ಲಿ ತಾನೇ ಎಂದು ರೆಸ್ಯೂಮಿನಲ್ಲಿ ಅದರ ಹೆಸರನ್ನಷ್ಟೇ ಹಾಕುತ್ತಾರೆ. ಹೊಸ ಕಂಪನಿಯವರು ವೆರಿಫಿಕೇಷನ್‌ಗೆ ಅಲ್ಲಿ ಕೇಳಿದಾಗ 'ಇಂಥವರು ನಮ್ಮ ರೋಲಿನಲ್ಲಿರಲಿಲ್ಲ' ಎಂಬ ಉತ್ತರ ಬರುತ್ತದೆ. ನಿಜವಾಗಿ ಬೆವರು ಸುರಿಸಿದವರ ಅನುಭವವೇ ಸುಳ್ಳಾಗಿ ಕಾಣುತ್ತದೆ. ಇದು ತುಂಬಾ ಅನ್ಯಾಯ, ಆದರೆ ಒಂದು ಸಾಲಿನಿಂದ ತಪ್ಪಿಸಬಹುದಾದದ್ದು. ಮೊದಲು ಏಜೆನ್ಸಿಯ ಹೆಸರು, ಪಕ್ಕದಲ್ಲಿ 'ಕೆಲಸದ ಸ್ಥಳ' ಎಂದು ಕಾರ್ಖಾನೆಯ ಹೆಸರು, ವಿಭಾಗ, ತಿಂಗಳು–ವರ್ಷ.

ತಾರೀಖುಗಳನ್ನು ನೆನಪಿನಿಂದ ಬರೆಯಬೇಡಿ. ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಸಂಸ್ಥೆಯ ಸದಸ್ಯರ ಪೋರ್ಟಲ್ಲಿನಲ್ಲಿ ಯುಎಎನ್ (ನಿಮ್ಮ ಪಿಎಫ್ ಸಂಖ್ಯೆ) ಹಾಕಿ ಲಾಗಿನ್ ಆಗಿ ಸರ್ವಿಸ್ ಹಿಸ್ಟರಿ ತೆರೆಯಿರಿ. ಸೇರಿದ ದಿನ, ಬಿಟ್ಟ ದಿನ, ಸಂಸ್ಥೆಯ ಹೆಸರು ಅಲ್ಲಿ ಹೇಗಿವೆಯೋ ಹಾಗೆಯೇ ರೆಸ್ಯೂಮಿಗೆ ಇಳಿಸಿ. ಬಿಟ್ಟ ದಿನ ಖಾಲಿ ಇದ್ದರೆ, ಕೊನೆಯ ಪಿಎಫ್ ಕಟ್ಟಿ ಎರಡು ತಿಂಗಳಾದ ಮೇಲೆ ನೀವೇ ಅದೇ ಪೋರ್ಟಲ್ಲಿನಲ್ಲಿ ತುಂಬಬಹುದು. ಅದು ಖಾಲಿ ಉಳಿದರೆ ಇನ್ನೂ ಹಳೇ ಕಡೆಯೇ ಕೆಲಸದಲ್ಲಿದ್ದೀರಿ ಎಂದು ಕಾಣುತ್ತದೆ. ದುಡ್ಡು ಕೊಟ್ಟು ಅನುಭವ ಪತ್ರ ಮಾಡಿಸುವವರು ಬಯಲಾಗುವುದೂ ಹೆಚ್ಚಾಗಿ ಇದೇ ಪುಟದಿಂದ.

ಅಪ್ರೆಂಟಿಸ್ ಆಗಿದ್ದ ಅವಧಿಯನ್ನು ಅಪ್ರೆಂಟಿಸ್ ಎಂದೇ ಹಾಕಿ. ಅದರಲ್ಲಿ ಕೀಳರಿಮೆ ಬೇಕಿಲ್ಲ. ಜಿಟಿಟಿಸಿಯಲ್ಲಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಡಿಪ್ಲೊಮಾ ಓದಿದವರು ಕೊನೆಯ ಒಂದು ವರ್ಷದ ಕಾರ್ಖಾನೆ ತರಬೇತಿಯನ್ನು ಓದಿನ ಕೆಳಗೆ ಹುದುಗಿಸದೆ, ಯಾವ ಟೂಲ್‌ರೂಮ್, ಯಾವ ಮೆಷಿನ್ ಎಂದು ಬೇರೆಯಾಗಿ ತೋರಿಸಿ.

ಓದಿನ ವಿವರ

ಹೊಸದು ಮೇಲೆ, ಹಳೆಯದು ಕೆಳಗೆ. ವಿಶ್ವವಿದ್ಯಾಲಯದ ಹೆಸರು ಅಂಕಪಟ್ಟಿಯಲ್ಲಿದ್ದಂತೆಯೇ ಇರಲಿ. ಬೆಂಗಳೂರು ಉತ್ತರ ವಿವಿ ಕೋಲಾರದಲ್ಲಿ ಶುರುವಾದದ್ದು 2017ರಲ್ಲಿ. ಅದೇ ಕಾಲೇಜಿನಲ್ಲಿ ಅದಕ್ಕೂ ಮೊದಲು ಪದವಿ ಮುಗಿಸಿದವರದು ಬೆಂಗಳೂರು ವಿವಿ. ತುಮಕೂರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾಯಿತು. ವಿಳಾಸದಲ್ಲಿ ಹೊಸ ಕಾಗುಣಿತ ಹಾಕಿ, ಹಳೆಯ ಪ್ರಮಾಣಪತ್ರದ ಹೆಸರನ್ನು ಮಾತ್ರ ತಿದ್ದಲು ಹೋಗಬೇಡಿ. ಸಿಜಿಪಿಎ ಇದ್ದರೆ ಸಿಜಿಪಿಎಯನ್ನೇ ಬರೆಯಿರಿ. ಶೇಕಡಾ ಕೇಳಿದರೆ ಅಂಕಪಟ್ಟಿಯಲ್ಲಿ ಕೊಟ್ಟ ಸೂತ್ರದಿಂದ ಲೆಕ್ಕಹಾಕಿ, 59.6 ಇದ್ದದ್ದನ್ನು 60 ಮಾಡಬೇಡಿ.

ನಡುವಿನ ಖಾಲಿ ವರ್ಷಗಳು

ಡಿಗ್ರಿ ಮುಗಿಸಿ ಎರಡು ವರ್ಷ ಮನೆಯಲ್ಲಿದ್ದೆ ಎನ್ನುವವರನ್ನು ಕೂರಿಸಿ ಕೇಳಿದರೆ ನಿಜಕ್ಕೂ ಸುಮ್ಮನಿದ್ದವರು ಕಡಿಮೆ. ಊರಿನ ಹಾಲು ಉತ್ಪಾದಕರ ಸಂಘದಲ್ಲಿ ಎರಡು ಹೊತ್ತು ಹಾಲಿನ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ಕಂಪ್ಯೂಟರಿಗೆ ಹಾಕುತ್ತಿದ್ದವರು ಫುಡ್ ಪಾರ್ಕಿನ ಕ್ವಾಲಿಟಿ ವಿಭಾಗಕ್ಕೆ ಹಾಕುವಾಗ ಅದನ್ನು ಮುಚ್ಚಿಟ್ಟುಕೊಳ್ಳುತ್ತಾರೆ! ದಿನಕ್ಕೆ ಎಷ್ಟು ಸ್ಯಾಂಪಲ್, ಯಾವ ಯಂತ್ರ, ಎಷ್ಟು ತಿಂಗಳು ಎಂದು ಬರೆದರೆ ಅದು ಅನುಭವವೇ. ಕೋಲಾರದ ಎಪಿಎಂಸಿಯ ಟೊಮೆಟೊ ಮಂಡಿಯಲ್ಲಿ 15 ಕೆ.ಜಿ. ಬಾಕ್ಸಿನ ಲಾಟ್, ಹರಾಜಿನ ದರ, ಕಮಿಷನ್ ಲೆಕ್ಕ ಬರೆದವರಿಗೆ ಸ್ಟೋರ್ಸ್, ಡಿಸ್ಪ್ಯಾಚ್ ಕೆಲಸದ ಅರ್ಧ ಆಗಲೇ ಗೊತ್ತು. ಸಂಘದ ಕಾರ್ಯದರ್ಶಿಯಿಂದಲೋ ಮಂಡಿಯ ಮಾಲೀಕರಿಂದಲೋ ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲು ಬರೆಸಿ, ಸೀಲು ಹಾಕಿಸಿಟ್ಟುಕೊಳ್ಳಿ.

ಭಾಷೆಯನ್ನೂ ಹೀಗೆಯೇ ಬಿಡಿಸಿ. ಕೋಲಾರ, ಚಿಕ್ಕಬಳ್ಳಾಪುರದ ಅನೇಕರಿಗೆ ತೆಲುಗು ಸರಾಗ, ಕೆಜಿಎಫ್‌ನವರಿಗೆ ತಮಿಳು. ಕಾಲ್ ಸೆಂಟರ್, ಸೇಲ್ಸ್ ಕೆಲಸಗಳಿಗೆ ಇದು ದೊಡ್ಡ ಬಂಡವಾಳ. ಮಾತು, ಓದು, ಬರಹ ಯಾವುದು ಬರುತ್ತದೆ ಎಂದು ಬೇರೆ ಬೇರೆ ಹೇಳಿ.

ಫೈಲ್ ಮಾಡುವಾಗ

ಎ4 ಅಳತೆ, ಒಂದೇ ಪುಟ, ಐದಾರು ವರ್ಷಕ್ಕಿಂತ ಹೆಚ್ಚು ಅನುಭವವಿದ್ದರೆ ಎರಡು. ಅಕ್ಷರ 11 ಪಾಯಿಂಟ್, ಸುತ್ತ 2 ಸೆಂ.ಮೀ. ಅಂಚು. ಎರಡು ಕಾಲಂ, ಬಣ್ಣದ ಪಟ್ಟಿ, ಟೆಕ್ಸ್ಟ್ ಬಾಕ್ಸ್ ಇರುವ ಟೆಂಪ್ಲೇಟ್ ಬೇಡ. ಕಂಪನಿಗಳ ಸಾಫ್ಟ್‌ವೇರ್ ಅಂಥ ಪುಟವನ್ನು ಓದುವಾಗ ಸಾಲುಗಳನ್ನು ಕಲಸಿಬಿಡುತ್ತದೆ, ಹೆಡರ್‌ನಲ್ಲಿಟ್ಟ ಫೋನ್ ನಂಬರ್ ಕೆಲವೊಮ್ಮೆ ಬಿಟ್ಟೇ ಹೋಗುತ್ತದೆ. ಪ್ರಿಂಟ್ ತೆಗೆದು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಕಳಿಸಿದ್ದು ಬರೀ ಫೋಟೊ, ಅದರೊಳಗಿನ 'ಫಿಟ್ಟರ್' ಪದ ಹುಡುಕಿದರೆ ಸಿಗದಿರಬಹುದು. ವರ್ಡ್‌ನಿಂದ ನೇರವಾಗಿ ಪಿಡಿಎಫ್ ಮಾಡಿ. ಪಿಡಿಎಫ್ ತೆರೆದು ಅಕ್ಷರಗಳನ್ನು ಆಯ್ದು ಕಾಪಿ ಮಾಡಿ ನೋಡಿ, ಬಂದರೆ ಸರಿಯಾಗಿದೆ.

ಖಾಸಗಿ ಶಾಲೆ, ಸಹಕಾರ ಸಂಘಕ್ಕೆ ಕನ್ನಡದಲ್ಲಿ ಬಯೋಡೇಟಾ ಕೊಡುವವರು ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ. ನುಡಿಯ ಹಳೆಯ ಫಾಂಟಿನಲ್ಲಿ ಮಾಡಿದ ವರ್ಡ್ ಫೈಲ್, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ.

ಬೆಮೆಲ್, ಎಚ್‌ಎಎಲ್‌ನಂಥ ಸಾರ್ವಜನಿಕ ಉದ್ದಿಮೆಗಳ ದಾರಿ ಬೇರೆ. ಅಲ್ಲಿ ಅಧಿಸೂಚನೆಯ ಅರ್ಜಿ ನಮೂನೆಯೇ ಮುಖ್ಯ, ಜಾತಿ, ವಯಸ್ಸಿನ ವಿವರಗಳ ಜಾಗವೂ ಅದೇ.

ಕಳಿಸುವ ಹೊತ್ತಿಗೆ

ಫೈಲಿನ ಹೆಸರು 'ನ್ಯೂ ರೆಸ್ಯೂಮ್ ಫೈನಲ್ 2' ಎಂದಿರಬಾರದು. ನಿಮ್ಮ ಹೆಸರು, ಟ್ರೇಡ್, ಊರು ಅದರಲ್ಲಿರಲಿ. ಇಮೇಲಿನ ವಿಷಯದ ಜಾಗದಲ್ಲಿ ಹುದ್ದೆಯ ಹೆಸರು ಹಾಕಿ. ವಾಟ್ಸ್‌ಆ್ಯಪ್‌ನಲ್ಲಾದರೆ ಫೈಲ್ ಒಂದನ್ನೇ ಎಸೆಯದೆ, ಯಾವ ಹುದ್ದೆ, ಎಷ್ಟು ಅನುಭವ, ಯಾವಾಗ ಸೇರಬಲ್ಲೆ ಎಂದು ಎರಡು ಸಾಲು ಜೊತೆಗಿರಲಿ. ವಾಕ್-ಇನ್‌ಗೆ ಹೋಗುವಾಗ ಮೂರು ಪ್ರತಿ, ಮೂಲ ಅಂಕಪಟ್ಟಿಗಳು, ಒಂದು ಸೆಟ್ ಜೆರಾಕ್ಸ್. ರಿಜಿಸ್ಟ್ರೇಷನ್ನಿಗೋ ಯೂನಿಫಾರ್ಮಿಗೋ ಮೊದಲೇ ದುಡ್ಡು ಕೇಳಿದರೆ ರೆಸ್ಯೂಮ್ ಕೊಡದೆ ವಾಪಸ್ ಬನ್ನಿ.

ಹತ್ತು ಕಡೆ ಕಳಿಸಿದರೂ ಒಂದೂ ಕರೆ ಬರದಿದ್ದರೆ ಮೇಲಿನ ಮೂರು ಸಾಲನ್ನು ಆ ಜಾಹೀರಾತುಗಳ ಪಕ್ಕ ಇಟ್ಟು ಮತ್ತೆ ಬರೆಯಿರಿ. ಕರೆ ಬಂದೂ ಸಂದರ್ಶನದಲ್ಲಿ ನಿಂತುಹೋಗುತ್ತಿದ್ದರೆ ತಿದ್ದಬೇಕಾದದ್ದು ಕೆಲಸದ ಸಾಲುಗಳನ್ನು: ಯಾವ ಸಾಲಿನ ಮೇಲೆ ಕೇಳಿದ ಪ್ರಶ್ನೆಗೆ ಉತ್ತರ ಬರಲಿಲ್ಲವೋ ಅದನ್ನು ಅಂದೇ ಗುರುತು ಹಾಕಿಕೊಳ್ಳಿ, ಕಲಿತು ಉಳಿಸಿಕೊಳ್ಳಿ, ಇಲ್ಲವೇ ತೆಗೆಯಿರಿ.